ತಗಡು ಹೊಡೆಯದ ಪೆಟ್ಟಿಗೆ

"ತಗಡು ಹೊಡೀಲೋ ಬೇಡ್ವೋ, ಅದೊಂದು ಹೇಳಿಬಿಡು ತಂಗೀ," ಎಂದ ಬಡಗಿ, ಉಜ್ಜುಗೊರಡನ್ನು ಹಲಗೆಯ ಮೇಲೆ ಅರ್ಧಕ್ಕೇ ನಿಲ್ಲಿಸಿ. "ಇಲ್ಲೇ ಮಣ್ಣು ಮಾಡೋದಾದ್ರೆ ಬರೀ ಮರ ಸಾಕು. ಗಡಿ ದಾಟಬೇಕು ಅಂದ್ರೆ ಒಳಗೆಲ್ಲ ತಗಡು ಹೊಡೆದು ಬೆಸುಗೆ ಹಾಕ್ಬೇಕು. ಇಲ್ದಿದ್ರೆ ಅಲ್ಲಿನವರು ಗೇಟಲ್ಲೇ ನಿಲ್ಲಿಸ್ತಾರೆ."

ಸತ್ತವನ ಹೆಂಡತಿ ಹಿತ್ತಲ ಬಾಗಿಲಿಗೆ ಒರಗಿ ನಿಂತಿದ್ದಳು. ಬಡಗಿಯ ಕಾಲ ಬಳಿ ತಗಡಿನ ಸುರುಳಿ ಬಿಸಿಲಿಗೆ ಹೊಳೆಯುತ್ತ ಬಿದ್ದಿತ್ತು. ಬೆಳಗಿನಿಂದ ಅವನು ಇದನ್ನೇ ಕೇಳುತ್ತಿದ್ದ, ಬೆಳಗಿನಿಂದ ಅವಳು ಒಂದೇ ಉತ್ತರ ಕೊಡುತ್ತಿದ್ದಳು.

"ಅತ್ತಿಗೆ ಬರ್ಲಿ ಅಣ್ಣ."

"ನಿನ್ನ ಅತ್ತಿಗೆ ಬಂದು ಏನಂತಾರೆ ಅಂತ ನಿನಗೂ ಗೊತ್ತು, ನನಗೂ ಗೊತ್ತು. ತಮ್ಮನನ್ನ ಊರಿಗೆ ಕರ್ಕೊಂಡು ಹೋಗೋಕೆ ವ್ಯಾನ್ ಗೊತ್ತು ಮಾಡ್ಕೊಂಡೇ ಹೊರಟಿದ್ದಾರಂತೆ."

"ಹೂಂ."

"ಇನ್ನೂ ಹೇಳಿಲ್ವಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಬಡಗಿ ಬಾಯಲ್ಲಿ ಕಚ್ಚಿಕೊಂಡಿದ್ದ ಮೊಳೆಯನ್ನು ಅಂಗೈಗೆ ಉಗಿದುಕೊಂಡು, "ಒಳ್ಳೆ ಕೆಲಸ ಒಪ್ಪಿಸಿ ಹೋದ ನಿನ್ನ ಗಂಡ," ಎಂದ. ಮತ್ತೆ ಉಜ್ಜತೊಡಗಿದ. ಮೂವತ್ತು ವರ್ಷ ಈ ಬಡಗಿ ಕಿಟಕಿಯ ಚೌಕಟ್ಟು ಮಾಡಿದ್ದ, ಆ ಚೌಕಟ್ಟಿಗೆ ಅವಳ ಗಂಡ ಗಾಜು ಕೊಯ್ದು ಕೂರಿಸಿದ್ದ. ಚೌಕಟ್ಟು ಸೊಟ್ಟ ಅಂತ ಅವನು, ಗಾಜು ಗಿಡ್ಡ ಅಂತ ಇವನು. ಜಗಳವಾಡದ ದಿನ ಇಬ್ಬರಿಗೂ ಅನ್ನ ಸೇರುತ್ತಿರಲಿಲ್ಲ.

ಗಂಡನ ಅಕ್ಕನಾದ ಅತ್ತಿಗೆಗೆ ತಿಳಿಯದೇ ಇದ್ದ ಸಂಗತಿ ಇಷ್ಟೇ. ಗಡಿಯಾಚೆ, ಗಂಡ ಹುಟ್ಟಿದ ಊರಿನ ಸ್ಮಶಾನದಲ್ಲಿ, ಅವನ ತಾಯಿಯ ಸಮಾಧಿಯ ಪಕ್ಕ ಒಂದು ಜಾಗವಿತ್ತು. ತಾಯಿ ಬದುಕಿದ್ದಾಗಲೇ ಮಗನ ಹೆಸರಲ್ಲಿ ಕೊಂಡಿಟ್ಟದ್ದು. ಎಲ್ಲೆಲ್ಲಿ ಅಲೆದರೂ ಕೊನೆಗೆ ನನ್ನ ಮಗ್ಗುಲಿಗೇ ಬರಬೇಕು ಅಂತ ಮಗಳ ಕೈಲಿ ಮಾತು ತೆಗೆದುಕೊಂಡೇ ಆಕೆ ಕಣ್ಣು ಮುಚ್ಚಿದ್ದು. ಆ ಜಾಗ ಈಗ ಅವನದಲ್ಲ. ತನ್ನ ಪ್ರಜೆಯಲ್ಲದವನ ಹೆಸರಲ್ಲಿ ಆ ದೇಶದ ಮಣ್ಣು ಆರಡಿಯಷ್ಟೂ ಇರುವಂತಿಲ್ಲ. ಎರಡು ವರ್ಷದ ಹಿಂದೆ ಅವನು ಪೌರತ್ವ ಬಿಟ್ಟುಕೊಟ್ಟಿದ್ದ.

"ಅಕ್ಕನಿಗೆ ಮಾತ್ರ ಹೇಳ್ಬೇಡ," ಅಂದಿದ್ದ ಆಗ. "ಆ ಹೊತ್ತು ಬಂದಾಗ ನೋಡ್ಕೊಳ್ಳೋಣ."

ಆ ಹೊತ್ತು ಬಂದಿತ್ತು. ಅವನು ನಡುಮನೆಯಲ್ಲಿ ನೆಮ್ಮದಿಯಾಗಿ ಮಲಗಿದ್ದ. ನೋಡಿಕೊಳ್ಳುವುದು ಅವಳ ಪಾಲಿಗೆ ಉಳಿದಿತ್ತು.

*

ಎಲ್ಲ ಶುರುವಾದದ್ದು ಬ್ಯಾಂಕಿನಲ್ಲಿ.

ಹದಿಹರೆಯದಲ್ಲಿ ಗಾಜಿನ ಲಾರಿ ಹತ್ತಿ ಗಡಿ ದಾಟಿ ಬಂದವನು ಅವನು. ಇಲ್ಲೇ ಕೆಲಸ ಕಲಿತ, ಇಲ್ಲೇ ಮದುವೆಯಾದ, ಇಲ್ಲೇ ಮಗಳ ತಂದೆಯಾದ. ಹುಟ್ಟಿದ ದೇಶದ ಹಳೇ ಪಾಸ್‌ಪೋರ್ಟು ಪೆಟ್ಟಿಗೆಯ ತಳದಲ್ಲಿ ತನ್ನ ಪಾಡಿಗೆ ತಾನಿತ್ತು. ಆದರೆ ಆ ದೇಶಕ್ಕೊಂದು ಚಾಳಿ: ತನ್ನ ನೆಲದಲ್ಲಿ ಹುಟ್ಟಿದವನು ಭೂಮಿಯ ಯಾವ ಮೂಲೆಯಲ್ಲಿ ದುಡಿದರೂ ತನಗೆ ಲೆಕ್ಕ ಒಪ್ಪಿಸಬೇಕು. ಅವನಿಗೆ ಒಂದು ಹೊತ್ತು ಊಟ ಹಾಕದ ದೇಶ ಅವನ ತಟ್ಟೆಯೊಳಗೆ ಇಣುಕಲು ಬಂತು. ನಮ್ಮವರ ಖಾತೆ ನಿಮ್ಮಲ್ಲೆಷ್ಟಿವೆ, ಹೇಳಿ ಎಂದು ಇಲ್ಲಿಯ ಬ್ಯಾಂಕುಗಳ ಕುತ್ತಿಗೆ ಹಿಡಿಯಿತು. ಬ್ಯಾಂಕುಗಳಿಗೆ ಅದೊಂದು ತಲೆನೋವು. ಇಂಥ ಗಿರಾಕಿಗಳೇ ಬೇಡ ಎಂದು ಖಾತೆಗಳಿಗೆ ಬೀಗ ಜಡಿದವು.

ಖಾತೆ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿತ್ತು. ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಅವಳಿಗೆ ಕೆಲಸ. ಕುದಿಯುವ ನೀರಿನಲ್ಲಿ ರಕ್ತದ ಚಾದರ ಹಿಂಡಿ ಹಿಂಡಿ ಕೂಡಿಸಿದ್ದೆಲ್ಲ ಅಲ್ಲೇ ಇತ್ತು. ಮಗಳ ನರ್ಸಿಂಗ್ ಓದಿಗೆ ಎಂದು ಇಟ್ಟಿದ್ದೂ ಅದೇ.

"ನಿಮ್ಮದೇನೂ ತಪ್ಪಿಲ್ಲಮ್ಮ," ಎಂದಿದ್ದ ಮ್ಯಾನೇಜರು, ತುಂಬ ಸೌಜನ್ಯದಿಂದ. "ನಿಮ್ಮ ಯಜಮಾನ್ರು ಹುಟ್ಟಿದ ಜಾಗ ತಪ್ಪು."

ಪೌರತ್ವ ಬಿಟ್ಟರೆ ಬೀಗ ತೆಗೆಯುತ್ತಾರೆ ಎಂದು ಹೇಳಿದವರು ಲೆಕ್ಕದ ಮೇಷ್ಟ್ರು. ಬೀದಿಯ ಜನರಿಗೆಲ್ಲ ತೆರಿಗೆ ಕಾಗದ ಬರೆದುಕೊಡುವ, ಪಾಠ ಮಾತ್ರ ಯಾರಿಗೂ ಹೇಳಿಕೊಡದ ಮೇಷ್ಟ್ರು ಅವರು. ಕನ್ನಡಕವನ್ನು ಹಣೆಗೇರಿಸಿ ವಿವರಿಸಿದರು: "ಬಿಡೋ ಮುಂಚೆ ಕೊನೇ ಲೆಕ್ಕ ಕೊಡಬೇಕಪ್ಪ. ನಿನ್ನ ಹತ್ರ ಏನೇನಿದೆಯೋ ಅಷ್ಟನ್ನೂ ಹಿಂದಿನ ದಿನ ಮಾರಿಬಿಟ್ಟ ಹಾಗೆ ಬರೀಬೇಕು."

"ಮಾರಿದ ಹಾಗೆ ಅಂದ್ರೆ?"

"ಮಾರೋದೇನೂ ಬೇಡ. ಮಾರಿದೀನಿ ಅಂದ್ಕೊಂಡ್ರೆ ಸಾಕು."

"ಮಾರದೇ ಮಾರಿದೀನಿ ಅಂತ ಸಹಿ ಹಾಕಿದ್ರೆ ಸುಳ್ಳಾಗಲ್ವಾ?"

"ಸರ್ಕಾರವೇ ಹೇಳು ಅಂದ ಸುಳ್ಳು ಸುಳ್ಳಲ್ಲ ಕಣಯ್ಯಾ!"

ಅವನ ತಲೆಗೆ ಅದು ಹತ್ತಲಿಲ್ಲ. ಮಾರನೆಯ ದಿನ ತಳ್ಳುಗಾಡಿ ತಂದು ನಿಲ್ಲಿಸಿದ. ಗಾಜು ಕೊಯ್ಯುವ ಮೇಜು, ವಜ್ರದ ಮೊನೆಯ ಕೊರೆಯುವ ಕಡ್ಡಿ, ಮಂಚ, ಎರಡು ಕುರ್ಚಿ, ಗೋಡೆ ಗಡಿಯಾರ, ಎಲ್ಲ ಹೇರಿದ. "ರೀ, ನನ್ನನ್ನೂ ಹೇರಿ, ನನಗೆಷ್ಟು ಬರುತ್ತೆ ನೋಡೋಣ," ಎಂದು ಅವಳು ಬಾಗಿಲಲ್ಲಿ ನಿಂತು ರೇಗಿಸಿದಳು. "ನೀನು ಇಬ್ಬರ ಹೆಸರಲ್ಲಿದ್ದೀಯಲ್ಲೇ, ನಾನೊಬ್ಬನೇ ಮಾರೋ ಹಾಗಿಲ್ಲ," ಎಂದ ಅವನು. ಗಾಡಿಯನ್ನು ಬಡಗಿಯ ಮನೆಗೆ ತಳ್ಳಿಕೊಂಡು ಹೋಗಿ ಅಷ್ಟನ್ನೂ ನಿಜವಾಗಿಯೇ ಮಾರಿದ. ಬಡಗಿ ಬಾಯಿಗೆ ಬಂದಂತೆ ಬೈಯುತ್ತ ಕೊಂಡ. ಆಮೇಲೆ, "ನನ್ನ ಸಾಮಾನು ಇಡೋಕೆ ನನ್ನ ಮನೇಲಿ ಜಾಗ ಇಲ್ಲ, ನಿನ್ನ ಮನೇಲಿರ್ಲಿ," ಎಂದು ಅದೇ ಗಾಡಿಯಲ್ಲಿ ವಾಪಸು ತಂದು ಇಳಿಸಿದ. ಅಂದಿನಿಂದ ಅವಳ ಗಂಡ ಮಲಗುತ್ತಿದ್ದದ್ದು ಬಡಗಿಯ ಮಂಚದ ಮೇಲೆ. ಮನೆಗೆ ಬಂದಾಗಲೆಲ್ಲ ಬಡಗಿ, "ಏಳಯ್ಯಾ, ನನ್ನ ಕುರ್ಚಿ ಸವೆಸ್ಬೇಡ," ಎನ್ನುತ್ತಿದ್ದ. ಇಬ್ಬರೂ ಕೆಮ್ಮು ಬರುವಷ್ಟು ನಗುತ್ತಿದ್ದರು.

ತಳ್ಳುಗಾಡಿಗೆ ಹೇರಲಾಗದ ಆಸ್ತಿ ಒಂದೇ ಉಳಿದಿತ್ತು. ತಾಯಿಯ ಮಗ್ಗುಲಿನದು. ಅದರ ಮೇಲೆ ತನಗಿನ್ನು ಹಕ್ಕಿಲ್ಲ ಎಂದು ಅವನು ಕೊನೆಯಲ್ಲಿ, ಮೇಷ್ಟ್ರ ಕೈಯಿಂದ ಪೆನ್ನು ಇಸಿದುಕೊಂಡು, ತಾನೇ ಬರೆದ.

*

ಅತ್ತಿಗೆ ಬಂದಾಗ ಬಿಸಿಲು ನೆತ್ತಿಗೇರಿತ್ತು. ವ್ಯಾನು ಬೀದಿಯ ತುದಿಯಲ್ಲೇ ನಿಂತಿತು. ಅತ್ತಿಗೆ ಕೈಚೀಲವನ್ನು ಎದೆಗೆ ಒತ್ತಿಕೊಂಡು ಬಂದರು. ನೆರೆದವರು ದಾರಿ ಬಿಟ್ಟರು. ಅತ್ತೇ ಎಂದು ಅಪ್ಪಿಕೊಂಡು ಮಗಳು ಅಳತೊಡಗಿದರೆ, ಅವಳ ಬೆನ್ನು ತಟ್ಟಿ, ಮೆಲ್ಲಗೆ ಬಿಡಿಸಿಕೊಂಡು, ತಮ್ಮನ ಪಕ್ಕ ನೆಲಕ್ಕೆ ಕುಳಿತರು. ಅವನ ಬಲಗೈ ಎತ್ತಿಕೊಂಡರು. ಗಾಜು ಗೀರಿ ಗೀರಿ ಬೆರಳ ತುದಿಗಳು ಉಳುಮೆ ಮಾಡಿದ ಹಾಗಿದ್ದವು.

"ಪೆದ್ದ. ಕೊನೇವರೆಗೂ ಕೈ ಕುಯ್ಕೋತಾನೇ ಇದ್ದೆಯಲ್ಲೋ." ಆಮೇಲೆ, ಎಳೆ ಮಗುವನ್ನು ಪುಸಲಾಯಿಸುವಂತೆ: "ನಿನ್ನ ಜಾಗ ಚೊಕ್ಕಟ ಮಾಡಿಟ್ಟಿದ್ದೀನಿ ಕಣೋ. ಅಮ್ಮನದು ಕಿತ್ತ ಮೇಲೆ ನಿನ್ನದರ ಹುಲ್ಲೂ ಕೀಳ್ತೀನಿ. ಮೊನ್ನೆ ಮೊನ್ನೆ ಕಿತ್ತೆ. ಎದ್ದೇಳು, ಹೋಗೋಣ."

ಹಿತ್ತಲಲ್ಲಿ ಉಜ್ಜುಗೊರಡಿನ ಸದ್ದು ನಿಂತಿತು. ಬಡಗಿ ಕೇಳಿಸಿಕೊಳ್ಳುತ್ತಿದ್ದ.

ಅವಳು ಅತ್ತಿಗೆಯ ಎದುರು ಮಂಡಿಯೂರಿ ಕುಳಿತಳು. "ಅತ್ತಿಗೆ, ಆ ಜಾಗ ಇವರದಲ್ಲ."

"ಏನಂದೆ?"

"ಪೌರತ್ವ ಬಿಟ್ರಲ್ಲ... ಆಗ ಅದೂ ಹೋಯ್ತು. ವಾಪಸು ತಗೊಂಡ್ರು."

"ಯಾರಿಗೆ ಕೊಟ್ರು?"

"ಯಾರಿಗೋ. ಗೊತ್ತಿಲ್ಲ."

ಅತ್ತಿಗೆ ತಮ್ಮನ ಕೈಯನ್ನು ಬಿಡಲಿಲ್ಲ. "ಹಾಗಾದ್ರೆ ನಾನು ಎರಡು ವರ್ಷದಿಂದ ಯಾರದೋ ಹುಲ್ಲು ಕೀಳ್ತಿದ್ದೀನಿ."

"ಯಾಕೆ ಬಿಟ್ಟ? ಯಾರಿಗೋಸ್ಕರ ಬಿಟ್ಟ? ಅವನಿಗೇನು ಬ್ಯಾಂಕು ಬೇಕಿತ್ತಾ? ದುಡ್ಡು ಬಂದ್ರೆ ಷರ್ಟಿನ ಜೇಬಲ್ಲಿಟ್ಟು ಒಗೆಯೋಕೆ ಹಾಕ್ತಿದ್ದವನು ಅವನು!"

"ನನಗೋಸ್ಕರ ಅತ್ತಿಗೆ. ನನ್ನ ಸಂಬಳ ಅದರಲ್ಲಿತ್ತು."

"ಹೇಳೋಕೆ ನಾಚಿಕೆ ಆಗಲ್ವೇನೇ? ಹೆತ್ತ ತಾಯಿ ಮಗ್ಗುಲಿಂದ ಎಬ್ಬಿಸಿಬಿಟ್ಟೆಯಲ್ಲೇ ಅವನ್ನ!"

ಅವಳು ತಲೆ ತಗ್ಗಿಸಿದಳು.

"ಸಿಕ್ತಾ?" ಅತ್ತಿಗೆಯ ದನಿ ಸೀಳಿತು. "ಅದನ್ನಾದರೂ ಹೇಳು. ನಿನ್ನ ದುಡ್ಡು ನಿನಗೆ ಸಿಕ್ತಾ?"

ಬಾಗಿಲ ಬಳಿ ನಿಂತಿದ್ದ ಲೆಕ್ಕದ ಮೇಷ್ಟ್ರು ಗಂಟಲು ಸರಿಪಡಿಸಿಕೊಂಡರು. ಸುಮ್ಮನಿರಲು ಅವರಿಗೆ ಬರುತ್ತಿರಲಿಲ್ಲ. "ಅದೂ... ಇನ್ನೂ ಇಲ್ಲಮ್ಮ. ಪೌರತ್ವ ಬಿಟ್ಟ ಪತ್ರವನ್ನ ಬ್ಯಾಂಕಿಗೆ ಕೊಟ್ವಿ. ಅವರು, ತೆರಿಗೆ ಏನೂ ಬಾಕಿ ಇಲ್ಲ ಅಂತ ಅಲ್ಲಿಂದ ಬರೆಸ್ಕೊಂಡು ಬನ್ನಿ ಅಂದ್ರು. ಅಲ್ಲಿಗೆ ಬರೆದ್ರೆ, ಈಗ ಅವರು ನಮ್ಮ ಪ್ರಜೆಯಲ್ಲ, ನಮ್ಮವರಲ್ಲದವರಿಗೆ ಉತ್ತರ ಕೊಡೋದು ತಡವಾಗುತ್ತೆ ಅಂತಾರೆ. ಈಗ ಇವರು ತೀರಿಕೊಂಡಿದ್ದರಿಂದ ಎಲ್ಲ ಮತ್ತೆ ಮೊದಲಿಂದ..."

"ಮೇಷ್ಟ್ರೇ," ಎಂದ ಬಡಗಿ ಹಿತ್ತಲಿಂದ, "ಆಚೆ ಬನ್ನಿ."

ಮೇಷ್ಟ್ರು ಕನ್ನಡಕ ತೆಗೆದು ಒರೆಸುತ್ತ ಹೊರಗೆ ಹೋದರು. ಅತ್ತಿಗೆ ಅವಳನ್ನೇ ದಿಟ್ಟಿಸಿದರು. ಬಟ್ಟೆ ಒಗೆಯುವ ಸೋಡಾ ತಿಂದು ಬೆಳ್ಳಗೆ ಸುಕ್ಕುಗಟ್ಟಿದ ಅವಳ ಅಂಗೈಗಳನ್ನು ಆಗಷ್ಟೇ ಕಂಡವರಂತೆ.

"ಪೌರತ್ವ ಬಿಡ್ಬೇಕಾದ್ರೆ ಒಂದು ಮಾತಾದ್ರೂ ಕೇಳಿದ್ನಾ?" ಎಂದರು. "ಅಮ್ಮನ ವಿಷಯ?"

*

ಕೇಳಿದ್ದ.

ಆ ದೇಶದ ರಾಯಭಾರ ಕಚೇರಿ ಇಲ್ಲಿಯ ರಾಜಧಾನಿಯಲ್ಲಿತ್ತು. ಅವಳು ಗೋಡೆ ಬದಿಯ ಬೆಂಚಿನಲ್ಲಿ, ಅವನು ಗಾಜಿನ ಕಿಂಡಿಯ ಮುಂದೆ. ಬೆರಳಚ್ಚಿನ ಯಂತ್ರ ಅವನ ಬೆರಳನ್ನು ಒಪ್ಪಲಿಲ್ಲ. "ಒತ್ತಿ ಹಿಡೀರಿ," "ಒರೆಸಿಕೊಂಡು ಹಿಡೀರಿ," "ಬೇರೆ ಬೆರಳು ಕೊಡಿ," ಎಂದ ಅಧಿಕಾರಿ. ಹತ್ತೂ ಬೆರಳು ಮುಗಿದವು. "ನೀವೇ ಅನ್ನೋದಕ್ಕೆ ಗುರುತೇ ಇಲ್ವಲ್ರೀ," ಎಂದು ಬೇಸರಪಟ್ಟು, ಕೊನೆಗೆ ಕಣ್ಣಿನ ಚಿತ್ರ ತೆಗೆದುಕೊಂಡ. ಆಮೇಲೆ ಎದ್ದು ನಿಂತು ಓದಿದ: "ಯಾರ ಒತ್ತಾಯವೂ ಇಲ್ಲದೆ, ಸ್ವಂತ ಇಚ್ಛೆಯಿಂದ ಬಿಡ್ತಿದ್ದೀರಾ?"

ಅವನು ಹಿಂದಿರುಗಿ ಅವಳನ್ನು ನೋಡಿದ. ಬೇಡ ಎಂದಿದ್ದರೆ ಬಿಟ್ಟು ಬರುತ್ತಿದ್ದನೇನೋ. ಅವಳು ಕಣ್ಣು ತಪ್ಪಿಸಿ ಸೆರಗಿನ ಅಂಚು ನೋಡಿಕೊಂಡಳು. ಮಗಳ ಕಾಲೇಜಿನ ಫೀಸಿನ ದಿನ ಹತ್ತಿರ ಬಂದಿತ್ತು.

"ಇಲ್ಲ ಸ್ವಾಮಿ," ಎಂದ ಅವನು ಗಾಜಿಗೆ. "ಯಾರ ಒತ್ತಾಯವೂ ಇಲ್ಲ."

ಬಸ್ ನಿಲ್ದಾಣಕ್ಕೆ ನಡೆದು ಬಂದು, ಟಿಕೇಟಿಗೆ ನಿಂತಾಗ ಕೇಳಿದ: "ಹಾಗಾದ್ರೆ ಅಮ್ಮ ಈಗ ಬೇರೆ ದೇಶದವಳಾದಳು, ಅಲ್ವೇನೇ?"

"ಬನ್ನಿ, ಬಸ್ಸು ಹೊರಡುತ್ತೆ," ಎಂದಳು ಅವಳು.

*

ಅದಷ್ಟನ್ನೂ ಅವಳು ಹೇಳಿ ಮುಗಿಸುವವರೆಗೆ ಅತ್ತಿಗೆ ಅಲುಗಾಡದೆ ಕೇಳಿದರು. ಆಮೇಲೆ ತಮ್ಮನ ಕೈಯನ್ನು ಅವನ ಎದೆಯ ಮೇಲೆ ಇಟ್ಟು, ಗೋಡೆ ಹಿಡಿದು ಎದ್ದರು. ಅವಳು ಆಸರೆಗೆ ಚಾಚಿದ ಕೈಯನ್ನು ಮುಟ್ಟಲಿಲ್ಲ. ನೇರ ಹಿತ್ತಲಿಗೆ ಹೋದರು.

"ನೀವೇನಾ ಬಡಗಿ?"

"ಹೌದಕ್ಕಾ."

"ಆ ತಗಡು ತೆಗೆದಿಟ್ಬಿಡಿ. ಬೇಡ."

ಬಡಗಿ ತಗಡಿನ ಸುರುಳಿಯನ್ನು ಕಾಲಿನಿಂದ ಗೋಡೆಯ ಕಡೆ ದೂಡಿ, ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು, ಮೊದಲ ಮೊಳೆ ಹೊಡೆದ. ಏಟು ತಪ್ಪಿ ಬೆರಳ ಮೇಲೆ ಬಿತ್ತು. ಅವನು ನೋವಿಗಾಗಿ ಅಳುವುದನ್ನು ಅವಳು ಎಂದೂ ನೋಡಿರಲಿಲ್ಲ. ಅಂದು ಅವನು ಬೆರಳನ್ನು ನೆಪ ಮಾಡಿಕೊಂಡು ಹಲಗೆಯ ಮೇಲೆ ಕೂತು ಅತ್ತುಬಿಟ್ಟ.

ಮಣ್ಣು ಮಾಡಿದ್ದು ಊರಾಚೆಯ ಸ್ಮಶಾನದಲ್ಲಿ, ಬೇಲಿಗೆ ಹತ್ತಿಕೊಂಡ ಸಾಲಿನಲ್ಲಿ. ಒಂದು ಪಕ್ಕ ಯಾರೋ ಶಾಲೆಯ ಜವಾನ, ಇನ್ನೊಂದು ಪಕ್ಕ ಗುರುತಿನ ಕಲ್ಲೂ ಇಲ್ಲದ ಯಾರೋ. ಅತ್ತಿಗೆ ಒಂದು ಹಿಡಿ ಮಣ್ಣು ಹಾಕಿದರು. ಎರಡನೆಯ ಹಿಡಿಯೂ ಹಾಕಿ, "ಇದು ಅಮ್ಮನ ಲೆಕ್ಕದ್ದು," ಎಂದರು.

ಗಡಿಯ ಗೇಟು ಸಂಜೆಗೆ ಮುಚ್ಚುತ್ತದೆ ಎಂದು ವ್ಯಾನಿನ ಚಾಲಕ ಚಡಪಡಿಸುತ್ತಿದ್ದ. ಮುಂದಿನ ಸೀಟಿನ ಧೂಳು ಕೊಡವಿ, "ಇಲ್ಲಿ ಕೂತ್ಕೊಳ್ಳಿ ದೊಡ್ಡಮ್ಮ, ಹಿಂದೆ ಸೀಟಿಲ್ಲ," ಎಂದ.

"ಹಿಂದಿನ ಜಾಗಕ್ಕೇ ನಾನು ಬಾಡಿಗೆ ಕೊಟ್ಟಿರೋದು," ಎಂದು ಅತ್ತಿಗೆ ಹಿಂದಿನ ಬಾಗಿಲು ತೆಗೆಸಿದರು. ಒಳಗೆ ಬರೀ ಕಬ್ಬಿಣದ ನೆಲ. ಕಷ್ಟಪಟ್ಟು ಹತ್ತಿ, ಒಂದು ಬದಿಗೆ ಬೆನ್ನು ಕೊಟ್ಟು, ಕಾಲು ಮಡಚಿ ಕುಳಿತರು.

ಅವಳು ಬಾಗಿಲ ಬಳಿ ನಿಂತಳು. ಹೋಗಿ ಬನ್ನಿ ಎನ್ನುವ ಧೈರ್ಯವಾಗಲಿಲ್ಲ.

ಅತ್ತಿಗೆ ಬೇರೆಲ್ಲೋ ನೋಡುತ್ತ ಹೇಳಿದರು: "ಗೇಟಿನವರೆಗೆ ಬರೋದಾದ್ರೆ ಬಾ. ಅದರಾಚೆ ನಿನ್ನನ್ನೂ ಬಿಡಲ್ಲ."

ಮಗಳು ಅಮ್ಮನನ್ನು ಕೈ ಕೊಟ್ಟು ಹತ್ತಿಸಿದಳು, ಹೊರಗಿನಿಂದ ಬಾಗಿಲು ಎಳೆದಳು. ಅವಳು ಇನ್ನೊಂದು ಬದಿಗೆ ಬೆನ್ನು ಕೊಟ್ಟು, ಅತ್ತಿಗೆಯ ಎದುರು ಕುಳಿತಳು. ಇಬ್ಬರ ನಡುವೆ ಒಬ್ಬ ಮನುಷ್ಯ ಉದ್ದಕ್ಕೆ ಮಲಗುವಷ್ಟು ಜಾಗ ತಾನಾಗಿಯೇ ಉಳಿದಿತ್ತು. ಯಾರೂ ಅದರೊಳಗೆ ಕಾಲು ಚಾಚಲಿಲ್ಲ. ವ್ಯಾನು ಹೊರಟಿತು. ಊರು ದಾಟಿದ ಮೇಲೆ ರಸ್ತೆ ಕೆಟ್ಟಿತ್ತು. ಗುಂಡಿ ಬಂದಾಗಲೆಲ್ಲ ಇಬ್ಬರ ಕೈಗಳೂ ಒಟ್ಟಿಗೆ ಮುಂದಕ್ಕೆ ಹೋಗುತ್ತಿದ್ದವು, ಅಲ್ಲಿಲ್ಲದ ಪೆಟ್ಟಿಗೆ ಅಲುಗದ ಹಾಗೆ ಹಿಡಿದುಕೊಳ್ಳಲು.