ಕಿವಿಗೊಟ್ಟು ಬೇಯಿಸಿದ ಕೇಕ್

ನಮ್ಮ ದೊಡ್ಡಮ್ಮನ ಮೂಗು ನೆಂಟರಿಷ್ಟರಲ್ಲೆಲ್ಲ ಹೆಸರುವಾಸಿಯಾಗಿತ್ತು. ಕೇಕಿನ ತಟ್ಟೆಯನ್ನು ಓವನ್ನಿಗೆ ತಳ್ಳಿ ಬಂದು ಮುಂದಿನ ಹಾಲ್‌ನಲ್ಲಿ ಕೂತು ಬಟಾಣಿ ಸುಲಿಯುವಳು. ಊರ ಮೇಲಿನ ಮಾತೆಲ್ಲ ಆಡುವಳು. ನಡುವೆ ಥಟ್ಟನೆ ತಲೆಯೆತ್ತಿ, "ಇನ್ನೆರಡು ನಿಮಿಷ" ಅನ್ನುವಳು. ಅವಳು ಗಡಿಯಾರ ನೋಡಿದ್ದನ್ನು ನಾನು ಕಂಡೇ ಇಲ್ಲ. ಎರಡು ನಿಮಿಷ ಬಿಟ್ಟು ತೆಗೆದರೆ ಕೇಕ್ ಹದವಾಗಿ ಬೆಂದು, ಮೇಲೆ ತೆಳುವಾಗಿ ಕೆಂಪೇರಿರುತ್ತಿತ್ತು.

ದೊಡ್ಡಮ್ಮ ಇಪ್ಪತ್ತಾರು ವರ್ಷದಿಂದ ಒಂದು ದೊಡ್ಡ ಹೋಟೆಲಿನ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ವಾರವೆಲ್ಲ ಹಾಸಿಗೆ ಬಟ್ಟೆ, ಅಂಗಿ, ಮೇಜುಬಟ್ಟೆ. ಭಾನುವಾರ ಮಾತ್ರ ಬೆಣ್ಣೆ, ಮೈದಾ, ಸಕ್ಕರೆ. ಕೆಳಗಿನ ಮನೆಯಲ್ಲಿ ಅವಳು, ಅಮ್ಮ, ನಾನು. ಮೇಲಿನ ಮನೆಯಲ್ಲಿ ಚಿಕ್ಕಮ್ಮ ಮತ್ತು ಬಸ್ ಓಡಿಸುವ ಚಿಕ್ಕಪ್ಪ. ಭಾನುವಾರ ನಾಲ್ಕು ಗಂಟೆಗೆ ಐದೂ ಜನ ನಮ್ಮ ಮೇಜಿನ ಸುತ್ತ ಸೇರಲೇಬೇಕು. ಅಂದು ಅಡುಗೆಮನೆ ದೊಡ್ಡಮ್ಮನದು. ಅಮ್ಮ ಅತ್ತ ಸುಳಿಯುತ್ತಿರಲಿಲ್ಲ. ಅಕ್ಕತಂಗಿಯರು ಒಂದೇ ಒಲೆಯ ಮುಂದೆ ಹತ್ತು ನಿಮಿಷ ನಿಂತರೆ ಸೌಟು ಎಲ್ಲಿಡಬೇಕೆಂಬುದಕ್ಕೇ ಮಾತಿಗೆ ಮಾತು ಬೆಳೆಯುತ್ತಿತ್ತು.

ಒಂದು ವರ್ಷ ದೊಡ್ಡಮ್ಮನಿಗೆ ಜ್ವರ ಬಂತು. ಹನ್ನೊಂದು ದಿನ ಮಲಗಿದಳು. ಎದ್ದಾಗ ಮುಖ ಇಳಿದುಹೋಗಿತ್ತು, ಆದರೆ ಅದರ ಮುಂದಿನ ಭಾನುವಾರವೇ ಸೆರಗು ಸಿಕ್ಕಿಸಿ ನಿಂತಳು. ನಾನು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಅಂದು ಒಬ್ಬ ಗಿರಾಕಿಯ ತುರ್ತಿಗೆ ಹೋಗಿ ಮೂರೂವರೆಗೆ ಮರಳುತ್ತಿದ್ದೆ. ಗೇಟಿನ ಹತ್ತಿರವೇ ಸೀದ ವಾಸನೆ ಮೂಗಿಗೆ ಬಡಿಯಿತು. ಓಡಿ ಒಳಗೆ ಹೋದರೆ ಅಡುಗೆಮನೆಯ ಬಾಗಿಲಿನ ಸಂದಿಯಿಂದ ಹೊಗೆ ಬರುತ್ತಿದೆ. ದೊಡ್ಡಮ್ಮ ಅದಕ್ಕೆ ಬೆನ್ನು ಹಾಕಿ ಹಾಲಿನಲ್ಲಿ ಕೂತು ಆರಾಮಾಗಿ ಗುಂಡಿ ಹೊಲಿಯುತ್ತಿದ್ದಾಳೆ.

"ದೊಡ್ಡಮ್ಮಾ! ಕೇಕು!"

ಅವಳು ನನ್ನ ಮುಖ ನೋಡಿದಳು, ಆಮೇಲೆ ಬಾಗಿಲು. ಸೂಜಿ ಕೈಯಿಂದ ಬಿತ್ತು. ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದ ಅಮ್ಮ ಓಡಿ ಬಂದು, "ಎಲ್ಲಿತ್ತೇ ಅಕ್ಕ ನಿನ್ನ ಜ್ಞಾನ?" ಎಂದಳು. "ಕಣ್ಣು ಹತ್ತಿಬಿಟ್ಟಿತ್ತು ಕಣೇ" ಅಂದಳು ದೊಡ್ಡಮ್ಮ. ಕಣ್ಣು ಹತ್ತಿದವಳು ಗುಂಡಿ ಹೊಲಿಯುವುದು ಹೇಗೆಂದು ನಾನು ಕೇಳಲಿಲ್ಲ.

ಮರು ಭಾನುವಾರ ಬಿಸ್ಕತ್ತು ಮಾಡಿದಳು. ನೋಡಲು ಒಂದಕ್ಕಿಂತ ಒಂದು ಚೆಂದ. ಬಾಯಿಗಿಟ್ಟ ಕೂಡಲೇ ಗೊತ್ತಾಯಿತು, ಬೆಣ್ಣೆ ಮುಗ್ಗಿತ್ತು. ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಈಗಷ್ಟೇ ಹಾಸಿಗೆಯಿಂದ ಎದ್ದ ಜೀವ, ಏನು ಹೇಳುವುದು?

"ಚೆನ್ನಾಗಿದೆ" ಅಂದಳು ಅಮ್ಮ.

"ತುಂಬಾ ಚೆನ್ನಾಗಿದೆ ಅಕ್ಕ" ಅಂದ ಚಿಕ್ಕಪ್ಪ. ಪುಣ್ಯಾತ್ಮ ಇನ್ನೊಂದನ್ನೂ ತಗೊಂಡು, ಕಣ್ಣು ಮುಚ್ಚಿ ನುಂಗಿದ. ಹಿಂದೆಯೇ ಎರಡು ಲೋಟ ನೀರು ಕುಡಿದ. ನಾನು ನನ್ನ ಪಾಲನ್ನು ಕರ್ಚೀಫಿನಲ್ಲಿ ಸುತ್ತಿಕೊಂಡೆ. ದೊಡ್ಡಮ್ಮ ಎಲ್ಲವನ್ನೂ ನೋಡುತ್ತಿದ್ದಳು. ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಆಮೇಲೆ ಮೂರು ಭಾನುವಾರ ಓವನ್ ಹಚ್ಚಲಿಲ್ಲ. ವೈರು ಸರಿಯಿಲ್ಲ ಅಂದಳು. ಚಿಕ್ಕಪ್ಪ ಸ್ಕ್ರೂಡ್ರೈವರ್ ಹಿಡಿದು ಬಂದು ನೋಡಿ, "ವೈರು ಗಟ್ಟಿಮುಟ್ಟಾಗಿದೆಯಲ್ಲ" ಎಂದು ತಲೆ ಕೆರೆದುಕೊಂಡು ಹೋದ.

ಒಂದು ಮಧ್ಯಾಹ್ನ ಅಂಗಡಿಯಲ್ಲಿ ಕರೆಂಟು ಹೋಗಿ ನಾನು ಬೇಗ ಮನೆಗೆ ಬಂದೆ. ದೊಡ್ಡಮ್ಮ ಬೆಳಗಿನ ಪಾಳಿ ಮುಗಿಸಿ ಬಂದು ಅಡುಗೆಮನೆಯ ನೆಲದ ಮೇಲೆ ಕೂತಿದ್ದಳು. ಸುತ್ತ ಡಬ್ಬಿಗಳು. ಚಕ್ಕೆ, ಲವಂಗ, ಕಾಫಿಪುಡಿ, ವೆನಿಲ್ಲಾ ಸೀಸೆ, ಕೊನೆಗೆ ಬಟ್ಟೆ ಸೋಪು. ಒಂದೊಂದರ ಮುಚ್ಚಳ ತೆಗೆದು ಮೂಗಿಗೆ ಒತ್ತಿ ಹಿಡಿಯುವಳು, ಕೆಳಗಿಡುವಳು. ನಾನು ಪಕ್ಕದಲ್ಲಿ ಕೂತೆ.

"ಏನೂ ಬರ್ತಿಲ್ಲ ಕಣೇ" ಅಂದಳು. "ಜ್ವರ ಬಿಟ್ಟಾಗಿನಿಂದ ಹೀಗೇ. ಸೋಪು, ಕಾಫಿ, ನಿನ್ನ ತಲೆ, ಎಲ್ಲಾ ಒಂದೇ. ಗೋಡೆ ಮೂಸಿದ ಹಾಗೆ."

"ಹೇಳಬಾರದಾಗಿತ್ತಾ?"

"ಯಾರಿಗೆ ಹೇಳ್ಲಿ? ನುಂಗಲಾಗದ ಬಿಸ್ಕತ್ತು ತಿಂದು ಚೆನ್ನಾಗಿದೆ ಅಂದ್ರಲ್ಲ, ನಿಮಗೇನಾ?" ಅವಳ ದನಿಯಲ್ಲಿ ಅಳು ಇರಲಿಲ್ಲ, ಸಿಟ್ಟಿತ್ತು. "ಎಂಥ ತಿಂಡಿ ಮಾಡಿದೆ ಅಂತ ನನಗೇ ಗೊತ್ತಾಗಲ್ಲ. ಬಾಯಿಬಿಟ್ಟು ಹೇಳೋರೂ ಇಲ್ಲ. ಆಮೇಲೆ ಯಾವ ಧೈರ್ಯದ ಮೇಲೆ ಮಾಡ್ಲಿ?"

ನನಗೆ ತಲೆ ತಗ್ಗಿಸುವ ಹಾಗಾಯಿತು.

ವೈದ್ಯರು ನೋಡಿ, ಕೆಲವರಿಗೆ ತಿಂಗಳುಗಳಲ್ಲಿ ವಾಸನೆ ಮರಳುತ್ತದೆ, ಕೆಲವರಿಗೆ ಮರಳುವುದಿಲ್ಲ, ಕಾಯಬೇಕು ಅಂದರು. ದೊಡ್ಡಮ್ಮ ಕಾಯುತ್ತ ಕೂರುವ ಪೈಕಿಯಲ್ಲ. ಲಾಂಡ್ರಿಯಲ್ಲಿ ಅವಳಿಗೆ ಆಗಲೇ ಒಂದು ಯೋಚನೆ ಬಂದಿತ್ತು. ಬಟ್ಟೆ ಸೀಯುವ ವಾಸನೆ ತಿಳಿಯದಿದ್ದರೂ ಅವಳ ಕೈಯಲ್ಲಿ ಒಂದು ಅಂಗಿಯೂ ಸುಟ್ಟಿರಲಿಲ್ಲ. ಯಾಕೆಂದರೆ ಇಸ್ತ್ರಿಪೆಟ್ಟಿಗೆಗೆ ನೀರು ಚಿಮುಕಿಸಿದಾಗ ಬರುವ 'ಚುಂಯ್' ಕೇಳಿಯೇ ಅವಳು ಕಾವು ಅಳೆಯುತ್ತಿದ್ದಳು. ಹಬೆಗೆ ಒಂದು ಮಾತಿದೆ, ಅದು ಅವಳಿಗೆ ಅರ್ಥವಾಗುತ್ತಿತ್ತು. ಹಾಗಿದ್ದರೆ ಕೇಕಿಗೂ ಇರಬೇಕಲ್ಲ?

ಮುಂದಿನ ಭಾನುವಾರ ಓವನ್ನಿನ ಪಕ್ಕ ಮಣೆ ಹಾಕಿಕೊಂಡು, ಬಾಗಿಲಿಗೆ ಕಿವಿ ಕೊಟ್ಟು ಕೂತಳು. ಹಸಿ ಇರುವಾಗ ಕೇಕ್ ಸಣ್ಣಗೆ ಚಿಟಿಚಿಟಿ ಅನ್ನುತ್ತದೆ, ಸಾವಿರ ಗುಳ್ಳೆ ಒಟ್ಟಿಗೆ ಒಡೆದ ಹಾಗೆ. ಬೇಯುತ್ತ ಬಂದ ಹಾಗೆ ಸದ್ದು ಬಿಡಿಬಿಡಿಯಾಗುತ್ತದೆ. ಪೂರ್ತಿ ನಿಂತಿತೋ, ಒಣಗಿತು ಎಂದೇ ಅರ್ಥ. ನಿಲ್ಲುವುದಕ್ಕೆ ಸ್ವಲ್ಪ ಮುಂಚೆ ತೆಗೆಯಬೇಕು. ಈ 'ಸ್ವಲ್ಪ'ವನ್ನು ಹಿಡಿಯಲು ನಾಲ್ಕು ಕೇಕ್ ಕೆಟ್ಟವು. ಎರಡು ನಡುವೆ ಹಸಿ, ಒಂದು ಇಟ್ಟಿಗೆ, ಇನ್ನೊಂದನ್ನು ಚಿಕ್ಕಪ್ಪನಿಗೆ ಟೀಯಲ್ಲಿ ಅದ್ದದೆ ಕಚ್ಚಲಾಗಲಿಲ್ಲ.

"ಅಕ್ಕ, ಕಡ್ಡಿ ಚುಚ್ಚಿ ನೋಡಬಾರದಾ? ಅಂಟದಿದ್ರೆ ಆಯ್ತು" ಅಂದ ಚಿಕ್ಕಪ್ಪ.

"ಐದೈದು ನಿಮಿಷಕ್ಕೆ ಬಾಗಿಲು ತೆಗೆದ್ರೆ ಅದು ಕುಸಿದು ಕೂತ್ಕೊಳತ್ತೆ. ಕಡ್ಡಿ ಕೊನೇಲಿ ಒಂದು ಸಲ, ಸಾಕ್ಷಿಗೆ. ನೀವು ಟೀ ಕುಡೀರಿ ಸುಮ್ನೆ."

ಬೇಯುವುದಕ್ಕೆ ಕಿವಿ ಸಿಕ್ಕಿತು. ರುಚಿಗೆ ಏನು ಮಾಡುವುದು? ನಾಲಿಗೆಗೆ ಸಿಹಿ, ಹುಳಿ, ಉಪ್ಪು ತಿಳಿಯುತ್ತಿತ್ತು, ಅಷ್ಟೇ. ಕಿತ್ತಳೆ ಸಿಪ್ಪೆ, ಚಕ್ಕೆ, ವೆನಿಲ್ಲಾ ಎಲ್ಲ ಮೂಗಿನ ಪಾಲು. ಹಾಗಾಗಿ ದೊಡ್ಡಮ್ಮ ಮೇಜಿನ ಮುಂದೆ ನಿಂತು ಅಪ್ಪಣೆ ಹೊರಡಿಸಿದಳು. "ಇನ್ನು ಮೇಲೆ ಈ ಮನೇಲಿ ಯಾರೂ ಚೆನ್ನಾಗಿದೆ ಅನ್ನಕೂಡದು. ಏನಿದೆ, ಏನಿಲ್ಲ, ಅದನ್ನ ಹೇಳಿ."

ಮೊದಮೊದಲು ನಮ್ಮ ಬಾಯೇ ತಿರುಗುತ್ತಿರಲಿಲ್ಲ. ಚಿಕ್ಕಪ್ಪ ತುಂಬ ಹೊತ್ತು ಅಗಿದು, "ಸೆಕೆಂಡ್ ಗೇರಲ್ಲಿ ನಿಧಾನ ಹೋಗ್ತಾ ಇರತ್ತೆ ಅಕ್ಕ, ಗಂಟಲ ಹತ್ರ ಸಡನ್ನಾಗಿ ಫೋರ್ತಿಗೆ ಹಾಕ್ದಂಗೆ" ಎಂದ. ಎಲ್ಲರೂ ಬಿದ್ದು ಬಿದ್ದು ನಕ್ಕೆವು. ದೊಡ್ಡಮ್ಮ ನಗಲಿಲ್ಲ. "ಲವಂಗ ಜಾಸ್ತಿ" ಅಂದಳು. ಚಿಕ್ಕಮ್ಮನಿಗೆ ಸಿಹಿ ಬಿಟ್ಟು ಬೇರೇನೂ ತಿಳಿಯುತ್ತಿರಲಿಲ್ಲ. ಅವಳು ಒಂದೇ ವಾರಕ್ಕೆ ಪರೀಕ್ಷೆಯಲ್ಲಿ ಫೇಲಾದಳು. ನನಗೆ ಪಾಸಾಗುವಷ್ಟು ಬಂತು.

ಎಲ್ಲರನ್ನೂ ಬೆರಗುಗೊಳಿಸಿದ್ದು ಅಮ್ಮ. ಅಂಚೆ ಕಚೇರಿಯ ಕೌಂಟರಿನಲ್ಲಿ ಇಡೀ ದಿನ ಹೂಂ, ಉಹೂಂ ಎರಡರಲ್ಲೇ ಮುಗಿಸುವ ಅಮ್ಮ ಒಂದು ತುಂಡು ಬಾಯಿಗಿಟ್ಟು, "ಸಿಹಿ ಒಳಗೆ ಬಂದು ಕೂತಿದೆ ಅಕ್ಕ. ಕಿತ್ತಳೆ ಮಾತ್ರ ಇನ್ನೂ ಬಾಗಿಲ ಹೊರಗೇ ನಿಂತಿದೆ. ಕರೀಬೇಕು" ಎಂದಳು. ದೊಡ್ಡಮ್ಮ ತಂಗಿಯನ್ನು ಹೊಸಬಳನ್ನು ನೋಡುವ ಹಾಗೆ ನೋಡಿದಳು. ಮರುವಾರದಿಂದ ಬೆಣ್ಣೆ ಮೂಸುವುದು, ಮೊಟ್ಟೆ ನೋಡುವುದು, ಸಿಪ್ಪೆ ತುರಿದು ಸಾಕೋ ಬೇಕೋ ಹೇಳುವುದು ಅಮ್ಮನ ಕೆಲಸವಾಯಿತು. ಸೌಟಿನ ಜಗಳ ನಿಲ್ಲಲಿಲ್ಲ. ಆದರೆ ಜಗಳವಾಡುತ್ತಲೇ ಇಬ್ಬರೂ ಇಡೀ ಮಧ್ಯಾಹ್ನ ಅಲ್ಲಿರುತ್ತಿದ್ದರು.

ಚಿಕ್ಕಮ್ಮನ ಐವತ್ತನೆಯ ಹುಟ್ಟುಹಬ್ಬಕ್ಕೆ ಇಪ್ಪತ್ತು ಜನ ಬರುವವರಿದ್ದರು. ಅಷ್ಟು ಜನಕ್ಕೆ ಸಾಲಬೇಕೆಂದು ದೊಡ್ಡಮ್ಮ ಹೋಟೆಲಿನಿಂದ ದೊಡ್ಡ ತಟ್ಟೆ ತಂದಿದ್ದಳು. ಅದರಲ್ಲಿ ಎಷ್ಟು ಹೊತ್ತು ಬೇಯಿಸಬೇಕೋ ಅವಳಿಗೂ ಗೊತ್ತಿರಲಿಲ್ಲ. ಅದೇ ಬೆಳಿಗ್ಗೆ ಅಮ್ಮನಿಗೆ ನೆಗಡಿ ಹಿಡಿಯಿತು. ಮೂಗು ಕೆಂಪು ಟೊಮ್ಯಾಟೊ ಆಗಿತ್ತು.

"ಅಂಗಡಿಯಿಂದ ತರೋಣ ಬಿಡಿ ಅಕ್ಕ" ಅಂದ ಚಿಕ್ಕಪ್ಪ.

"ನನ್ನ ತಂಗಿಗೆ ಅಂಗಡಿ ಕೇಕಾ?" ಎಂದು ದೊಡ್ಡಮ್ಮ ಅವನನ್ನು ಒಂದು ನೋಟ ನೋಡಿದಳು. ಚಿಕ್ಕಪ್ಪ ಮೆಟ್ಟಿಲು ಹತ್ತಿ ಹೋದ.

ಹಿಟ್ಟು ಕಲಸಿದ್ದು ಕೈ ಅಳತೆಯಲ್ಲಿ. ಸಿಪ್ಪೆ, ಬೆಣ್ಣೆ ನಾನು ಮೂಸಿ ಹೇಳಿದೆ, ಭಯದಲ್ಲೇ. ತಟ್ಟೆ ಒಳಗೆ ಹೋಗುವ ಹೊತ್ತಿಗೆ ನೆಂಟರು ಬಂದಾಗಿತ್ತು. ಹಾಲಿನ ತುಂಬ ಗದ್ದಲ. ಚಿಕ್ಕಪ್ಪನ ಅಕ್ಕ, ನಾವು ಬೆನ್ನ ಹಿಂದೆ 'ರೇಡಿಯೋ' ಅನ್ನುವಾಕೆ, ತಮ್ಮ ಸೊಸೆಯ ಕತೆಯನ್ನು ಏರುದನಿಯಲ್ಲಿ ಶುರುಮಾಡಿದ್ದರು. ಮಣೆಯ ಮೇಲೆ ಕೂತ ದೊಡ್ಡಮ್ಮ ಕಿವಿ ಒತ್ತಿದಳು, ಇನ್ನೂ ಒತ್ತಿದಳು. ಏನೂ ಕೇಳದೆ ಎದ್ದು ಹಾಲಿನ ಬಾಗಿಲಿಗೆ ಬಂದಳು.

"ಎಲ್ಲರೂ ಒಂದು ಐದು ನಿಮಿಷ ಬಾಯಿ ಮುಚ್ಕೊಂಡಿರಿ. ನನಗೆ ಕೇಕ್ ಕೇಳಿಸ್ತಿಲ್ಲ."

ಇಪ್ಪತ್ತು ಜನ ಗಪ್‌ಚಿಪ್. ನಾನು ಫ್ಯಾನ್ ಆರಿಸಿ, ಫ್ರಿಜ್ಜಿನ ಪ್ಲಗ್ ಕಿತ್ತೆ. ಅಮ್ಮ ಸೀನು ಬಾರದಿರಲೆಂದು ಮೂಗು ಹಿಡಿದುಕೊಂಡಳು. ರೇಡಿಯೋ ಅತ್ತೆಯವರು ಸೊಸೆಯನ್ನು ಅರ್ಧದಾರಿಯಲ್ಲೇ ಬಿಟ್ಟು ಬಾಯಿಗೆ ಸೆರಗು ಒತ್ತಿಕೊಂಡರು. ಮೇಲಿನ ಮನೆಯ ನಲ್ಲಿ ತೊಟ್ಟಿಕ್ಕುವುದು ಕೇಳುತ್ತಿತ್ತು. ದೊಡ್ಡಮ್ಮ ಕಣ್ಣು ಮುಚ್ಚಿ ಕೂತಿದ್ದಳು. ಅವಳ ತುಟಿ ಮಾತ್ರ ಏನನ್ನೋ ಎಣಿಸುವ ಹಾಗೆ ಅಲುಗುತ್ತಿತ್ತು. ಎಷ್ಟು ಹೊತ್ತಾಯಿತೋ.

"ಬಂತು" ಅಂದಳು.

ಬಾಗಿಲು ತೆಗೆದು, ತಟ್ಟೆ ಎಳೆದು, ಬೆರಳಿನಿಂದ ನಡುವೆ ಮೆಲ್ಲಗೆ ಒತ್ತಿದಳು. ಗುಳಿ ಬಿದ್ದದ್ದು ಮತ್ತೆ ಮೇಲೆ ಬಂತು. ಕಡ್ಡಿ ಚುಚ್ಚಿದಳು. ಒಂದು ಚೂರೂ ಅಂಟಲಿಲ್ಲ. ಹಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ ತಟ್ಟಿದರು. ಹುಟ್ಟುಹಬ್ಬದ ಚಿಕ್ಕಮ್ಮ ಅಕ್ಕನ ಹೆಗಲಿಗೆ ಮುಖ ಒತ್ತಿಕೊಂಡು ಅತ್ತಳು. "ಕೇಕ್ ಬಿಸಿ ಇದೆ, ಸರಿ ಆಚೆ" ಎಂದು ದೊಡ್ಡಮ್ಮ ಗದರಿದಳು.

ಇದಾಗಿ ಎರಡು ವರ್ಷವಾಯಿತು. ವಾಸನೆ ಮರಳಲಿಲ್ಲ. ದೊಡ್ಡಮ್ಮ ಈಗ ಅದರ ಸುದ್ದಿಯನ್ನೇ ಎತ್ತುವುದಿಲ್ಲ. ಒಂದು ಭಾನುವಾರ ನಾನೇ ತಡೆಯಲಾರದೆ ಕೇಳಿದೆ.

"ತಿಂದಾಗ ನಿನಗೇನು ಸಿಗತ್ತೆ ದೊಡ್ಡಮ್ಮ?"

ಅವಳು ಬಾಯಿಯಲ್ಲಿದ್ದದ್ದನ್ನು ನಿಧಾನ ಅಗಿದು ಮುಗಿಸಿದಳು. "ಅಂಚು ಗರಗರ ಅನ್ನತ್ತೆ. ಒಳಗಡೆ ಮೆತ್ತಗೆ, ಬೆಚ್ಚಗೆ ಕರಗತ್ತೆ. ಕಡಿಮೆಯೇನಲ್ಲ. ಎಲ್ಲಿ, ಆ ಮೂಲೆ ತುಂಡು ಇತ್ತ ಕೊಡು."

ಕೊಟ್ಟೆ. ಅಂದಿನಿಂದ ನಾಲ್ಕು ಮೂಲೆಯ ತುಂಡುಗಳೂ ಅವಳವೇ. ಚಿಕ್ಕಪ್ಪ ಕೂಡ ಅವುಗಳ ಮೇಲೆ ಕೈ ಹಾಕುವುದಿಲ್ಲ.