ಬೇಲೀಫ ರಾಚಯ್ಯ ಬಿದ್ದದ್ದು

ಹುನಗುಂದದ ಕೋರ್ಟಿನಲ್ಲಿ ಬೇಲೀಫನಾಗಿ ಹನ್ನೊಂದು ವರ್ಷ ಸಮನ್ಸು ಹಂಚಿದ ಮೇಲೆ ರಾಚಯ್ಯನಿಗೆ ಯಾರ ಮಾತನ್ನೂ ಒಂದೇ ಸಲಕ್ಕೆ ನಂಬುವುದು ಮರೆತುಹೋಗಿತ್ತು. ಅವನ ಸೈಕಲ್ಲು ಮನೆಯ ಮುಂದೆ ನಿಂತ ಕೂಡಲೇ ಒಳಗಿನಿಂದ ಹೆಂಗಸೊಬ್ಬಳು ಬಂದು, 'ಅವ್ರು ಊರಾಗ ಇಲ್ರಿ' ಅನ್ನುವಳು. ರಾಚಯ್ಯ ಅವಳ ಮುಖ ನೋಡುತ್ತಿರಲಿಲ್ಲ. ಬಾಗಿಲ ಹತ್ತಿರದ ಚಪ್ಪಲಿ ನೋಡುವನು, ಗೂಟಕ್ಕೆ ಹಾಕಿದ ರುಮಾಲು ನೋಡುವನು, ಆಗತಾನೇ ಆರಿಸಿದ ಬೀಡಿಯ ವಾಸನೆ ಬರುತ್ತದೋ ಎಂದು ಮೂಗು ಏರಿಸುವನು. ಈ ಚಟ ಮನೆಗೂ ಬಂದಿತ್ತು. ಹೆಂಡತಿ ಬನಶಂಕರಿ ಕೇಳದೆ ಎರಡನೇ ಸಲ ಚಹಾ ಕೊಟ್ಟರೆ, 'ಯಾಕ, ತವರಮನಿಗೆ ಹೋಗೂದೈತೇನು?' ಎನ್ನುವನು. ಬಹಳ ಸಲ ಅದು ನಿಜವೂ ಆಗಿರುತ್ತಿತ್ತು. ಹಾಗಾಗಿ ಚಟ ಬಿಡಲು ಕಾರಣವೂ ಸಿಕ್ಕಿರಲಿಲ್ಲ.

ಹೀಗಿರುವಾಗ 1987ರ ನವೆಂಬರಿನಲ್ಲಿ ಇಳಕಲ್ಲಿನ ಇಬ್ರಾಹಿಂಸಾಬ ಅವನನ್ನು ತನ್ನ ಸೈಕಲ್ ಅಂಗಡಿಗೆ ಕರೆಸಿ, ಒಂದು ಜೊತೆ ಪೆಡಲು ಮತ್ತು ಒಂದು ಜೊತೆ ಬೂಟು ಮುಂದಿಟ್ಟು, 'ತಗೋ, ಇವು ನಿನಗ' ಎಂದ.

ಪ್ರತಿ ವರ್ಷ ಜನವರಿ ಇಪ್ಪತ್ತಾರಕ್ಕೆ ಬಾಗಲಕೋಟೆಯಿಂದ ಬಾದಾಮಿಗೆ ಸೈಕಲ್ ಶರ್ಯತ್ತು ನಡೆಯುತ್ತಿತ್ತು. ಹಿಂದಿನ ಮೂರು ವರ್ಷವೂ ಇಬ್ರಾಹಿಂಸಾಬ ಮೊದಲನೆಯವ, ರಾಚಯ್ಯ ಎರಡನೆಯವ. ಅಂಥವನು ಪುಕ್ಕಟೆ ಕೊಡುತ್ತಾನೆಂದರೆ ಏನೋ ಇದೆ. ರಾಚಯ್ಯ ಪೆಡಲನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ತಿರುಗಿಸಿ ನೋಡಿದ. ಕಾಲಿಡುವ ಜಾಗವೇ ಇರಲಿಲ್ಲ. ಬಾಯಿ ತೆರೆದ ಇಕ್ಕಳದ ಹಾಗಿತ್ತು.

'ಪುಣೇದಾಗ ನನ್ನ ಅಳಿಯ ಅದಾನಲ್ಲ, ಅಲ್ಲಿ ಶರ್ಯತ್ತಿಗೆ ಬಂದಿದ್ದ ಪರದೇಶದಾಂವ ಒಬ್ಬ ಹೋಗೂಮುಂದ ಅವಗ ಕೊಟ್ಟಾನ' ಎಂದ ಇಬ್ರಾಹಿಂಸಾಬ. 'ಬೂಟಿನ ತಳಕ್ಕ ಈ ತಗಡ ಐತಿ ನೋಡು. ಪೆಡಲ ಮ್ಯಾಲ ಇಟ್ಟ ಒತ್ತಿದರ ಟಕ್ ಅಂತ ಕೂಡ್ತದ. ಆಮ್ಯಾಲ ತುಳಿಯೂದಷ್ಟ ಅಲ್ಲ, ಕಾಲ ಮ್ಯಾಲ ಎತ್ತಿದರೂ ಸೈಕಲ್ ಓಡ್ತದ. ಬಿಡಿಸ್ಕೊಳ್ಳಾಕ ಹಿಮ್ಮಡ ಹೊರಗ ತಿರುವಬೇಕು. ಇಷ್ಟ.'

'ಇಷ್ಟ ಛಲೋ ಇದ್ರ ನೀ ಯಾಕ ಹಾಕ್ಕೊಂಡಿಲ್ಲ?'

'ನನ್ನ ಕಾಲ ನೋಡು, ಬೂಟ ನೋಡು.'

ಇಬ್ರಾಹಿಂಸಾಬನ ಪಾದ ನಿಜವಾಗಿಯೂ ದೊಡ್ಡದು. ಬೂಟು ರಾಚಯ್ಯನಿಗೆ ಹೊಲಿಸಿದಂತೆ ಕೂತಿತು. ಕೂತದ್ದೇ ಅವನ ಅನುಮಾನವನ್ನು ಇನ್ನಷ್ಟು ಹೆಚ್ಚಿಸಿತು. ಆದರೆ ಪೆಡಲಿನ ಆಸೆಯೂ ಸಣ್ಣದಾಗಿರಲಿಲ್ಲ. ಇಬ್ರಾಹಿಂಸಾಬನೇ ಪಾನಾ ಹಿಡಿದು ಹಳೆಯ ಪೆಡಲು ತೆಗೆದು ಹೊಸದನ್ನು ಕೂರಿಸಿಕೊಟ್ಟ.

ಇಳಕಲ್ಲಿನಿಂದ ಹುನಗುಂದದವರೆಗೆ ಎಂಟು ಮೈಲಿ ಸೈಕಲ್ಲು ಗಾಳಿಯಲ್ಲಿ ತೇಲಿದಂತೆ ಬಂತು. ರಾಚಯ್ಯನಿಗೆ ದಾರಿಯಲ್ಲಿ ಎಲ್ಲೂ ನಿಲ್ಲುವ ಪ್ರಸಂಗ ಬರಲಿಲ್ಲ. ಬಂದದ್ದು ಕೋರ್ಟಿನ ಗೇಟಿನ ಮುಂದೆ. ಹತ್ತಿ ಹೇರಿದ ಚಕ್ಕಡಿಯೊಂದು ಅಡ್ಡ ಬಂತು. ಬ್ರೇಕು ಹಿಡಿದ. ಮೂವತ್ತು ವರ್ಷದ ರೂಢಿಯಂತೆ ಎಡಗಾಲನ್ನು ನೆಲಕ್ಕಿಡಲು ಎತ್ತಿದ. ಕಾಲು ಬರಲಿಲ್ಲ. ಮತ್ತೆ ಎತ್ತಿದ. ಸೈಕಲ್ಲು ನಿಂತಿತ್ತು, ಅವನು ಸೀಟಿನ ಮೇಲೆ ಕೂತಿದ್ದ, ಎರಡೂ ಸೇರಿ ನಿಧಾನವಾಗಿ ಎಡಕ್ಕೆ ವಾಲತೊಡಗಿದವು. ಬೀಳುತ್ತಿದ್ದೇನೆ ಎಂದು ತಿಳಿಯಲು, ಬೇವಿನ ಗಿಡದ ಕೆಳಗಿನ ಟೈಪಿಸ್ಟರು ಕೈ ನಿಲ್ಲಿಸಿ ತನ್ನ ಕಡೆ ನೋಡುವುದನ್ನು ನೋಡಲು, ಕರೀಕೋಟಿನ ವಕೀಲರ ಗುಂಪಿನಲ್ಲಿ ಯಾರು ಯಾರಿದ್ದಾರೆಂದು ಗುರುತಿಸಲು ಕೂಡ ಅವನಿಗೆ ವೇಳೆ ಸಿಕ್ಕಿತು. ಆಮೇಲೆ ಧಪ್ಪೆಂದು ಬಿದ್ದ. ಚೀಲದ ಸಮನ್ಸುಗಳೆಲ್ಲ ಧೂಳಿನಲ್ಲಿ ಹರಡಿದವು. ಎದ್ದೇಳೋಣವೆಂದರೆ ಎರಡೂ ಕಾಲು ಸೈಕಲ್ಲಿಗೆ ಅಂಟಿಕೊಂಡಿದ್ದವು.

'ರಾಚಯ್ಯಾ, ನಿಂತ ಸೈಕಲ್ ಮ್ಯಾಲಿಂದ ಬೀಳೂದು ಹ್ಯಾಂಗಂತ ನಮಗೂ ಸ್ವಲ್ಪ ಕಲಿಸಪಾ' ಎಂದರು ಒಬ್ಬ ವಕೀಲರು.

ಎರಡನೆಯ ಸಲ ಬಿದ್ದದ್ದು ಇಳಕಲ್ಲಿನ ಬಸ್ ಸ್ಟ್ಯಾಂಡಿನ ಎದುರು, ಬದನೆಕಾಯಿಯ ಬುಟ್ಟಿಗಳ ಮೇಲೆ. ಬುಟ್ಟಿಯವಳು ಅವನಿಗೆ ಪೆಟ್ಟಾಯಿತೇ ಎಂದು ಕೇಳುವ ಮೊದಲು ಬದನೆಕಾಯಿ ಎಣಿಸಿದಳು. ಮೂರನೆಯ ಸಲ ಸ್ವಂತ ಮನೆಯ ಬಾಗಿಲಲ್ಲೇ, ಬನಶಂಕರಿ ನೀರಿಗೆ ಹೋಗಿದ್ದಾಗ.

ಅಂದು ಸಂಜೆ ಬನಶಂಕರಿ ಮೊಣಕೈಗೆ ಅರಿಷಿಣ ಹಚ್ಚುತ್ತ, 'ಗಾಯ ಎಲ್ಲಾ ಎಡಕ್ಕ ಅದಾವು. ಬಿದ್ದಾವರಿಗೆ ಎರಡೂ ಕಡೆ ಆಕ್ಕಾವು. ಖರೆ ಹೇಳ್ರಿ, ಯಾರ ಕೂಡಾರ ಜಗಳಾಡಿ ಬಂದೀರೇನು?' ಎಂದಳು.

'ಸೈಕಲ್ ಮ್ಯಾಲಿಂದ ಬಿದ್ದೇನಂತ ಹೇಳಿದ್ನಲ್ಲ.'

'ಹತ್ತು ವರ್ಷದ ಹುಡುಗ ಇದ್ದಾಗಿಂದ ಸೈಕಲ್ ಹೊಡಿಯಾವ್ರು ನೀವು' ಎಂದಳು ಆಕೆ, ಅರಿಷಿಣದ ಬಟ್ಟಲು ಎತ್ತಿಕೊಂಡು. ಆ ಅನುಮಾನ ರಾಚಯ್ಯನಿಗೆ ಹಿಡಿಸಲಿಲ್ಲ. ಆದರೆ ಅವನ ಸಿಟ್ಟೆಲ್ಲ ಇಬ್ರಾಹಿಂಸಾಬನ ಮೇಲೆ ತಿರುಗಿತ್ತು. ಶರ್ಯತ್ತಿಗೆ ಎರಡು ತಿಂಗಳು ಮುಂಚೆ ತನ್ನ ಕೈಯೋ ಕಾಲೋ ಮುರಿಯಲಿ ಎಂದೇ ಕೊಟ್ಟಿದ್ದಾನೆ. ಕಾಲು ದೊಡ್ಡದೆಂಬುದು ಒಂದು ನೆಪ. ಹಾಗೆಂದು ಪೆಡಲು ತೆಗೆದರೆ ಅವನೇ ಗೆದ್ದಂತೆ. ರಾಚಯ್ಯ ತೆಗೆಯಲಿಲ್ಲ.

ಗುಡೂರಿನಲ್ಲಿ ಹಣಮಪ್ಪನೆಂಬ ಒಬ್ಬ ಒಕ್ಕಲಿಗನಿದ್ದ. ಹೊಲದಲ್ಲಿ ಪಾಲು ಬೇಕೆಂದು ಅವನ ಅಕ್ಕ ಸಂಗವ್ವ ದಾವೆ ಹಾಕಿದ್ದಳು. ನಾಲ್ಕು ತಿಂಗಳಿಂದ ಹಣಮಪ್ಪ ಸಮನ್ಸು ತೆಗೆದುಕೊಳ್ಳದೆ ತಪ್ಪಿಸಿಕೊಂಡಿದ್ದ. ಐದು ಸಲ ಹೋದಾಗಲೂ ಅವನು ಬೇರೆ ಬೇರೆ ಊರಿನಲ್ಲಿದ್ದ. ಡಿಸೆಂಬರಿನ ಒಂದು ಮಧ್ಯಾಹ್ನ ರಾಚಯ್ಯ ಆರನೆಯ ಸಲ ಹೋದ. ಆ ಬಾಗಿಲಿಗೆ ಒಂದು ಕಟ್ಟೆಯಿತ್ತು. ಕಟ್ಟೆಗೆ ಕೈಯೂರಿ ನಿಂತು ಸಾವಕಾಶ ಹಿಮ್ಮಡ ತಿರುವಿ ಇಳಿದ.

'ಕಲಾದಗಿಗೆ ಹೋಗ್ಯಾರ್ರಿ' ಎಂದಳು ಹಣಮಪ್ಪನ ಹೆಂಡತಿ.

ಹೊಸ್ತಿಲ ಬಳಿ ಗಂಡಸರ ಚಪ್ಪಲಿ ಜೋಡು ಇತ್ತು, ಅದರ ಮೇಲೆ ಹಸಿ ಮಣ್ಣಿತ್ತು. ರಾಚಯ್ಯ ಅದನ್ನು ನೋಡಿದ. ಅವನು ನೋಡಿದ್ದನ್ನು ಅವಳೂ ನೋಡಿದಳು. ರಾಚಯ್ಯ ಸೈಕಲ್ಲು ತಿರುಗಿಸಿ ಹತ್ತಿದ. ಹತ್ತು ಮಾರು ಹೋಗಿರಲಿಲ್ಲ, ಆಡಿನ ಮರಿಯೊಂದು ಗಾಲಿಗೆ ಅಡ್ಡ ಬಂತು. ಬ್ರೇಕು ಹಿಡಿದ. ಈ ಸಲ ಎಡಕ್ಕೆ ಕಲ್ಲುಗಟಾರವಿತ್ತು. ಸೈಕಲ್ಲು ಮೇಲೆ, ಅವನು ಕೆಳಗೆ. ಒಂದು ಕಾಲು ತಿರುಚಿ ಸಿಕ್ಕಿಕೊಂಡು ನೋವಿಗೆ ಕಣ್ಣಿಗೆ ಕತ್ತಲೆ ಬಂತು. ತನಗೆ ತಿಳಿಯದಂತೆ ಅವನು ಕೂಗಿದ.

ಊರೆಲ್ಲ ಹೊಲಕ್ಕೆ ಹೋಗಿತ್ತು. ಓಣಿಯಲ್ಲಿ ಹಣಮಪ್ಪನ ಹೆಂಡತಿ ಒಬ್ಬಳೇ. ಅವಳು ಸೈಕಲ್ಲು ಎಳೆಯಲು ನೋಡಿದಳು, ಕಾಲೂ ಜೊತೆಗೆ ಬಂತು. 'ಎಳೀಬ್ಯಾಡವಾ, ಎಳೀಬ್ಯಾಡ' ಎಂದು ರಾಚಯ್ಯ ಮತ್ತೆ ಕೂಗಿದ. ಆಗ ಮನೆಯೊಳಗಿಂದ ಒಬ್ಬ ಗಂಡಸು, ಮೈಮೇಲೆ ಅಂಗಿಯಿಲ್ಲದೆ, ತಲೆಗೂದಲಲ್ಲಿ ಜೋಳದ ಹೊಟ್ಟು ಅಂಟಿಕೊಂಡು ಓಡಿಬಂದ.

'ತಡೀರಿ ಅಯ್ನೋರ, ಅಲಗಾಡಬ್ಯಾಡ್ರಿ' ಎನ್ನುತ್ತ ಗಟಾರಕ್ಕೆ ಇಳಿದ. 'ಯಾರ ಕಟ್ಯಾರ್ರಿ ಕಾಲ ಹಿಂಗ?'

'ಹಿಮ್ಮಡ ಹೊರಗ ತಿರುವು. ಹೊರಗ.'

ಅವನು ತಿರುವಿದ. ಕಾಲು ಬಿಟ್ಟಿತು. ರಾಚಯ್ಯನನ್ನು ಎತ್ತಿ ಕಟ್ಟೆಯ ಮೇಲೆ ಕೂರಿಸಿ, ನೀರು ತರಿಸಿ, ಮೊಣಕೈಯ ಮಣ್ಣು ತೊಳೆದು, ತನ್ನ ರುಮಾಲಿನ ಅಂಚು ಹರಿದು ಕಟ್ಟಿದ. ಕಟ್ಟಿ ಮುಗಿಯುವವರೆಗೆ ಇಬ್ಬರಿಗೂ ಬೇರೆ ಏನೂ ನೆನಪಾಗಲಿಲ್ಲ. ಮುಗಿದ ಮೇಲೆ ಒಬ್ಬರ ಮುಖ ಒಬ್ಬರು ನೋಡಿದರು.

ರಾಚಯ್ಯನ ಚೀಲ ಅವನ ತೊಡೆಯ ಮೇಲಿತ್ತು. ಕಲಾದಗಿಯಲ್ಲಿದ್ದ ಮನುಷ್ಯ ಎದುರಿಗೆ ಕೂತಿದ್ದ. ಅವನನ್ನು ನೋಡಿಯೇ ಇಲ್ಲವೆನ್ನುವಂತೆ ಎದ್ದು ಹೋಗಬಹುದಿತ್ತು. ಒಂದು ಗಳಿಗೆ ಹಾಗೆ ಅನ್ನಿಸಿತು ಕೂಡ. ಆದರೆ ಹನ್ನೊಂದು ವರ್ಷದಲ್ಲಿ ಸಿಕ್ಕವನನ್ನು ಬಿಟ್ಟು ಬಂದದ್ದಿಲ್ಲ. ಕೈ ತಾನಾಗಿಯೇ ಚೀಲದೊಳಗೆ ಹೋಯಿತು. ಸಮನ್ಸು ತೆಗೆದು ಮುಂದೆ ಹಿಡಿಯುವಾಗ ಅವನು ಹಣಮಪ್ಪನ ಮುಖ ನೋಡಲಿಲ್ಲ.

ಹಣಮಪ್ಪ ಕಾಗದ ತೆಗೆದುಕೊಂಡ. ನಕಲಿನ ಮೇಲೆ ನಿಧಾನವಾಗಿ ಸಹಿ ಮಾಡಿದ. ಪೆನ್ನು ಮರಳಿ ಕೊಡುತ್ತ, 'ಬೇಕಂತ ಬಿದ್ರಿ, ಹೌದಿಲ್ರಿ?' ಎಂದ.

'ಇಲ್ಲಪಾ. ಖರೇನ ಬಿದ್ದೆ.'

'ನಿಂತ ಸೈಕಲ್ ಮ್ಯಾಲಿಂದ?'

'ಕಾಲ ಹತ್ತಿಕೊಂಡಿತ್ತು. ನೀನ ಬಿಡಿಸಿದ್ಯಲ್ಲ.'

'ಕಟ್ಟಿ ಮುಂದ ಇಳಿಯೂವಾಗ ಹತ್ತಿಕೊಂಡಿದ್ದಿಲ್ಲ. ನಾ ಕಿಡಕಿಯಿಂದ ನೋಡಿದೆ' ಎಂದ ಹಣಮಪ್ಪ. ದನಿಯಲ್ಲಿ ಸಿಟ್ಟಿರಲಿಲ್ಲ. 'ಇರಲಿ ಬಿಡ್ರಿ. ನಿಮ್ಮ ಕೆಲಸ ನೀವು ಮಾಡಿದ್ರಿ. ಅಕ್ಕನ ಎದುರಿಗೆ ಹೋಗಿ ನಿಂದ್ರಬೇಕಲ್ಲಾ ಅಂತ ನಾ ಅಡಗಿದ್ದೆ.'

ಗಾಯದ ಮೇಲಿನ ಪಟ್ಟಿ ಹಿಡಿದುಕೊಂಡು ರಾಚಯ್ಯ ಇನ್ನೂ ಎರಡು ಸಲ 'ಖರೆ ಹೇಳ್ತೇನಿ' ಎಂದ. ಇದೇ ಮಾತನ್ನು ಇದೇ ದನಿಯಲ್ಲಿ ಎಷ್ಟು ಮಂದಿ ತನಗೆ ಹೇಳಿದ್ದರು, ತಾನು ಎಷ್ಟು ಮಂದಿಯನ್ನು ದಾಟಿ ಅವರ ಅಡುಗೆಮನೆಯ ಕಡೆ ಇಣುಕಿದ್ದೆ ಎಂಬುದು ದಾರಿಯುದ್ದಕ್ಕೂ ಅವನ ತಲೆಯಲ್ಲಿ ತಿರುಗಿತು.

ಕೋರ್ಟಿನಲ್ಲಿ ಹಿರಿಯ ಗುಮಾಸ್ತ ಸಹಿ ನೋಡಿ, 'ಅಬ್ಬಾ, ಹಣಮಪ್ಪ ಸಿಕ್ಕನ? ಉಪಾಯ ಛಲೋ ಐತಿ ನಿಂದು. ಗೇಟಿನ ಮುಂದ ಪ್ರ್ಯಾಕ್ಟೀಸ್ ಮಾಡಿದ್ದು ಇದಕ್ಕೇನು?' ಎಂದ. ರಾಚಯ್ಯ ಅಲ್ಲವೆಂದಷ್ಟೂ ಅವನಿಗೆ ಅದು ಖಾತ್ರಿಯಾಯಿತು. ಸುದ್ದಿ ಬಸ್ಸಿಗಿಂತ ಮೊದಲು ಹಳ್ಳಿಗಳನ್ನು ಮುಟ್ಟಿತು: ಬೇಲೀಫ ಮನೆ ಮುಂದೆ ಬಂದು ಬೀಳುತ್ತಾನೆ, ಅಯ್ಯೋ ಪಾಪವೆಂದು ಹೊರಗೆ ಬಂದವರ ಕೈಗೆ ಕಾಗದ ಕೊಡುತ್ತಾನೆ.

ಎರಡು ವಾರದ ಮೇಲೆ ಬೇರೊಂದು ಸಮನ್ಸಿಗೆಂದು ಹೋದಾಗ ಗುಡೂರಿನ ಊರಬಾಗಿಲ ಅಗಸಿಯ ಮುಂದೆ ಅವನು ಮತ್ತೆ ಬಿದ್ದ. ಅಗಸಿಯ ಕಟ್ಟೆಯ ಮೇಲೆ ಎಂಟು ಜನ ಕೂತಿದ್ದರು. ಒಬ್ಬರೂ ಎತ್ತಲು ಬರಲಿಲ್ಲ. ಇಬ್ಬರು ಎದ್ದರು, ಆದರೆ ಒಳಗೆ ಹೋಗಲು. ಸೈಕಲ್ಲಿನ ಕೆಳಗೆ ಸಿಕ್ಕಿ ಬಿಸಿಲಲ್ಲಿ ಮಲಗಿದ ರಾಚಯ್ಯನಿಗೆ ಬಾಗಿಲುಗಳು ಮುಚ್ಚುವ ಸದ್ದು ಕೇಳಿಸುತ್ತಿತ್ತು.

ಬಳೆ ಮಾರುವ ಮುದುಕಿ ಅಲೀಮಾ ಮಾತ್ರ ಬುಟ್ಟಿ ಹೊತ್ತು ಬಂದು ನಾಲ್ಕು ಮಾರು ದೂರದಲ್ಲಿ ನಿಂತಳು.

'ನನ್ನ ಹೆಸರಿಂದು ಏನಾರ ಐತೇನಪಾ?'

'ಇಲ್ಲ ಆಯಿ. ಒಂದೀಟ ಕೈ ಕೊಡು.'

'ನನ್ನ ಮಗಂದು?'

'ನಿನ್ನ ಮಗಂದೂ ಇಲ್ಲ.'

ಅವಳು ಯೋಚಿಸಿದಳು. 'ಹಂಗಾರ ಆ ಚೀಲ ಅತ್ತ ಒಗಿ. ದೂರ ಒಗಿ.'

ಸರಕಾರದ ಚೀಲವನ್ನು ರಾಚಯ್ಯ ಹನ್ನೊಂದು ವರ್ಷದಲ್ಲಿ ದಾರಿಯಲ್ಲಿ ಎಂದೂ ಮೈಯಿಂದ ದೂರ ಮಾಡಿದವನಲ್ಲ. ಮಲಗಿದಲ್ಲಿಂದಲೇ ಅದನ್ನು ಧೂಳಿಗೆ ಎಸೆದ. ಅದು ಬಿದ್ದ ಜಾಗವನ್ನು ಒಮ್ಮೆ ನೋಡಿಕೊಂಡು, ಆಮೇಲೆ ಅಲೀಮಾ ಹತ್ತಿರ ಬಂದು ಸೈಕಲ್ಲು ಹಿಡಿದಳು. ಕಟ್ಟೆಯ ಮೇಲಿನವರು ನಗಲು ಆಗ ಶುರುಮಾಡಿದರು.

ರಾಚಯ್ಯ ನೆಟ್ಟಗೆ ಇಳಕಲ್ಲಿಗೆ ಹೋದ. ಬೂಟು ಕಳಚಿ ಇಬ್ರಾಹಿಂಸಾಬನ ಮುಂದೆ ಒಗೆದು, 'ಖರೆ ಹೇಳು. ನನ್ನ ಕೈಕಾಲ ಮುರೀಲಿ ಅಂತ ಕೊಟ್ಟೆ, ಹೌದಿಲ್ಲ?' ಎಂದ.

ಇಬ್ರಾಹಿಂಸಾಬ ಪಂಕ್ಚರ್ ತಿದ್ದುವುದನ್ನು ನಿಲ್ಲಿಸಲಿಲ್ಲ. ಅಂಗಿಯ ತೋಳು ಮೇಲಕ್ಕೆ ಸರಿಸಿ ತೋರಿಸಿದ. ಮೊಣಕೈಯಿಂದ ಭುಜದವರೆಗೆ ಹಳೆಯ ಗಾಯದ ಕಲೆ. 'ಏಳ ಸಲ ಬಿದ್ದೇನಿ. ಬೂಟ ಹಿಡಿಸದಿದ್ರೂ ಕಾಲಬೊಟ್ಟ ಮಡಚಿ ಹಾಕ್ಕೊಂಡು ನೋಡಿದೆ. ಅಂಗಡಿ ಹಿಂದಿನ ಬಯಲಾಗ, ಯಾರೂ ಇಲ್ಲದಾಗ.'

'ಮತ್ತ ಹೇಳಲಿಲ್ಲ ಯಾಕ?'

'ಹೇಳಿದ್ರ ನೀ ತಗೋತಿದ್ದೇನು? ಎರಡು ವರ್ಷದಿಂದ ಬಿಜಾಪುರದ ಹುಡುಗ್ರು ನಮ್ಮ ಬೆನ್ನ ಹತ್ತ್ಯಾರ. ನಮ್ಮಾಗ ಒಬ್ಬರಾದ್ರೂ ಮುಂದ ಇರೂಣು ಅಂತ ಕೊಟ್ಟೆ.' ಅವನು ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಏಳುತ್ತದೋ ನೋಡಿದ. 'ಎಲ್ಲಾ ಖರೆ ಹೇಳು ಅಂದ್ರ, ನಿನ್ನಂಥಾ ಹುಷಾರಿ ಮನಶ್ಯಾ ಕೋರ್ಟಿನ ಮುಂದ ಒಂದ ಸಲ ಬೀಳಲಿ ಅಂತ ಆಸೇನೂ ಇತ್ತು.'

ಮೊದಲಿನ ಮಾತುಗಳನ್ನು ರಾಚಯ್ಯ ನಂಬಿದನೋ ಇಲ್ಲವೋ, ಈ ಕೊನೆಯ ಮಾತು ಕೇಳಿ ಅವನ ಸಿಟ್ಟು ಇಳಿಯಿತು. ಬೂಟನ್ನು ಹೆಕ್ಕಿಕೊಂಡ. ಅವತ್ತೇ ಇಬ್ರಾಹಿಂಸಾಬ ಅವನನ್ನು ಹಿಂದಿನ ಬಯಲಿಗೆ ಕರೆದೊಯ್ದು, ಸೈಕಲ್ಲು ನಿಲ್ಲುವ ಮುಂಚೆಯೇ ಕಾಲು ಬಿಡಿಸುವುದನ್ನು ಸಂಜೆಯವರೆಗೆ ಮಾಡಿಸಿದ. ಬ್ರೇಕಿಗೆ ಕೈ ಹೋಗುವ ಮೊದಲು ಹಿಮ್ಮಡ ತಿರುಗಬೇಕು, ಅಷ್ಟೇ ಗುಟ್ಟು.

ಶರ್ಯತ್ತಿನಲ್ಲಿ ಬಿಜಾಪುರದ ಹುಡುಗನೊಬ್ಬ ಮೊದಲು ಬಂದ. ರಾಚಯ್ಯ ಎರಡನೆಯವ, ಇಬ್ರಾಹಿಂಸಾಬ ಮೂರನೆಯವ. ಬಾದಾಮಿಯಲ್ಲಿ ಗೆರೆ ದಾಟಿದ ಮೇಲೆ ರಾಚಯ್ಯ ಬೀಳದೆ ಇಳಿದ. ಅವನು ಬೀಳುವುದನ್ನು ನೋಡಲೆಂದೇ ಇಳಕಲ್ಲಿನಿಂದ ಬಂದಿದ್ದ ಕೆಲವರಿಗೆ ಬೇಸರವಾಯಿತು.

ಫೆಬ್ರುವರಿಯಲ್ಲಿ ದಾವೆಯ ತಾರೀಖು ಬಂತು. ಹಣಮಪ್ಪ ತೊಳೆದ ಅಂಗಿ ಹಾಕಿಕೊಂಡು ಬಂದಿದ್ದ. ಅಕ್ಕ ಸಂಗವ್ವ ಬೇವಿನ ಗಿಡದ ಆಚೆ ಮಗ್ಗುಲಿಗೆ ಕೂತಿದ್ದಳು. ಮೊದಲ ಒಂದು ತಾಸು ಇಬ್ಬರೂ ಬೇರೆ ಬೇರೆ ಕಡೆ ನೋಡುತ್ತಿದ್ದರು. ಆಮೇಲೆ ಆಕೆ ಬುತ್ತಿಯ ಗಂಟು ಬಿಚ್ಚಿ ಒಂದು ರೊಟ್ಟಿ ಅವನ ಕಡೆ ಚಾಚಿದಳು. ಹಣಮಪ್ಪ ಅದನ್ನು ಸ್ವಲ್ಪ ಹೊತ್ತು ನೋಡಿ, ತೆಗೆದುಕೊಂಡ.

ರಾಚಯ್ಯ ಎರಡು ಕಪ್ಪು ಚಹಾ ತರಿಸಿ ಹಣಮಪ್ಪನ ಪಕ್ಕ ಕೂತ.

'ಅವತ್ತ ನಾ ಬೇಕಂತ ಬಿದ್ದಿಲ್ಲಪಾ' ಎಂದ. 'ಸಮನ್ಸ ಕೊಟ್ಟಿದ್ದು ಖರೆ. ಬಿದ್ದಿದ್ದೂ ಖರೆ.'

ಹಣಮಪ್ಪ ಚಹಾ ಊದಿ ಒಂದು ಗುಟುಕು ಕುಡಿದ. 'ನಂಬೇನಿ ಅಂತ ನಾ ಹೇಳಿದ್ರ ನೀವು ನಂಬ್ತೀರೇನ್ರಿ?'

ರಾಚಯ್ಯ ಈ ಸಲ ಅವನ ಮುಖವನ್ನೇ ನೋಡಿದ. ಅಷ್ಟರಲ್ಲಿ ಪಟ್ಟೇವಾಲ ಪಡಸಾಲೆಗೆ ಬಂದು ಅಕ್ಕತಮ್ಮನ ಹೆಸರು ಕೂಗಿದ. ಇಬ್ಬರೂ ಎದ್ದರು. ಮೆಟ್ಟಿಲು ಹತ್ತುವಾಗ ಸಂಗವ್ವ ಸೀರೆಯ ನಿರಿಗೆ ತುಳಿದು ಮುಗ್ಗರಿಸಿದಳು, ಹಣಮಪ್ಪ ಅವಳ ತೋಳು ಹಿಡಿದ. ಒಳಗೆ ಹೋಗುವವರೆಗೂ ಆ ಹಿಡಿತ ಬಿಡಲಿಲ್ಲ. ರಾಚಯ್ಯ ಚಹಾ ಮುಗಿಸಿ, ಆ ದಿನದ ಕಾಗದಗಳನ್ನು ಇಸಿದುಕೊಳ್ಳಲು ಗುಮಾಸ್ತನ ಕೋಣೆಯ ಕಡೆ ನಡೆದ.