ಮುರಿಗೆವ್ವನ ಗುಡ್ಡದ ಭಾನುವಾರಗಳು

ಕಾಲೇಜಿನ ಹುಡುಗರು ಪರೀಕ್ಷೆ ಮುಗಿಸಿ ಗಂಟುಮೂಟೆ ಕಟ್ಟಿದರೆಂದರೆ ಹುಬ್ಬಳ್ಳಿಯ ಖಾನಾವಳಿಗಳಲ್ಲಿ ನೊಣ ಹೊಡೆಯುವುದೇ ಉದ್ಯೋಗ. ಮುರಿಗೆವ್ವನ ಖಾನಾವಳಿಯೂ ಅದಕ್ಕೆ ಹೊರತಲ್ಲ. ಹುಡುಗರು ಊರಲ್ಲಿದ್ದಾಗ ಆಕೆ ಭಾನುವಾರದ ಮುಖ ನೋಡುವುದಿಲ್ಲ, ಯಾಕೆಂದರೆ ಹಾಳಾದವರಿಗೆ ಭಾನುವಾರವೇ ಹಸಿವು ಹೆಚ್ಚು. ಬೇಸಿಗೆಯಲ್ಲಿ ಮಾತ್ರ ವಾರಕ್ಕೊಂದು ದಿನ ಬಾಗಿಲು ಎಳೆದು ಕೀಲಿ ಹಾಕುತ್ತಾಳೆ.

ಈ ಬೇಸಿಗೆಯಲ್ಲಿ ಆಕೆಯ ತಲೆಯೊಳಗೆ ಗುಡ್ಡ ಹೊಕ್ಕಿತು. ಹೊಗಿಸಿದವಳು ಎದುರು ಮನೆಯ ಅಬೀದಾ. ಅಬೀದಾಳ ಗಂಡ ಹುಸೇನಬಾಷಾನದು ಸ್ಕೂಟರ್ ಗ್ಯಾರೇಜು. ಗುಜರಿಗೆ ಹೋಗಬೇಕಿದ್ದ ಹಳೆಯ ಓಮ್ನಿ ಗಾಡಿಯೊಂದನ್ನು ಬಿಚ್ಚಿ, ಕಟ್ಟಿ, ಬೈದು, ಜೀವ ತುಂಬಿದ್ದ. ಅದು ಓಡುತ್ತದೆ ಎಂದು ಓಣಿಗೆ ತೋರಿಸಲು ಅವನಿಗೊಂದು ನೆಪ ಬೇಕಿತ್ತು. ಭಾನುವಾರವಾದರೂ ಗಂಡನನ್ನು ಗ್ರೀಸಿನಿಂದ ಎಬ್ಬಿಸಲು ಅಬೀದಾಳಿಗೂ ಒಂದು ನೆಪ ಬೇಕಿತ್ತು. ಹೀಗೆ ಗುಡ್ಡ ಹುಟ್ಟಿತು.

ಅಮ್ಮಿನಬಾವಿಯ ಎರೆಹೊಲದಲ್ಲಿ ಬೆಳೆದ ಮುರಿಗೆವ್ವನಿಗೆ ಎತ್ತರವೆಂದರೆ ಬಣವೆ. ಚಿಕ್ಕವಳಿದ್ದಾಗ ಒಮ್ಮೆ ಅದರ ಮೇಲೆ ಹತ್ತಿದ್ದಕ್ಕೆ ಅಪ್ಪ ಬೆನ್ನಿಗೆ ಬಾರಿಸಿದ್ದ. ಅಂದು ಇಳಿದವಳು ಮತ್ತೆ ಏನನ್ನೂ ಹತ್ತಲಿಲ್ಲ. ಮದುವೆಯಾಗಿ ಒಲೆಯ ಮುಂದೆ ಕುಳಿತಳು. ಒಲೆ ಹೋಗಿ ಗ್ಯಾಸ್ ಬಂದಾಗ ಎದ್ದು ನಿಂತಳು. ಐವತ್ತು ಸಮೀಪಿಸುವವರೆಗೆ ಆಕೆ ಏರಿದ್ದು ಅಷ್ಟೇ ಎತ್ತರ.

"ಒಂದ ಸಲ ತುದೀಗೆ ನಿಂತು ಕೆಳಗ ನೋಡಬೇಕ್ವಾ," ಎಂದಳು ಅಬೀದಾಳಿಗೆ. "ಎಲ್ಲಾರೂ ಸಣ್ಣಾಗಿ ಕಾಣ್ತಾರಂತಲ್ಲ."

"ಯಾರನ್ನ ಸಣ್ಣಾಗಿ ನೋಡಬೇಕಂತೀರಿ, ಅಕ್ಕಾರ?"

"ಮೊದಲ ನಮ್ಮ ಮನಿಯವರನ್ನ."

ಮನೆಯವರು, ಅಂದರೆ ಗುರುಬಸವ, ಬರಲು ಒಪ್ಪಲಿಲ್ಲ. "ಗುಡ್ಡ ಎಲ್ಲೆ ಓಡಿ ಹೊಕ್ಕೈತಿ? ನೀ ನೋಡಿ ಬಾ, ನಾ ಮಲಗತೇನಿ," ಎಂದು ಮಗ್ಗಲು ಬದಲಿಸಿದ. ಅವನ ಜಾಗಕ್ಕೆ ಮಹಾಂತಯ್ಯ ಬಂದರು. ಇವರು ನಿವೃತ್ತ ಬಸ್ ಕಂಡಕ್ಟರು, ಒಂಟಿ ಜೀವ, ಮುರಿಗೆವ್ವನ ಮಹಡಿಯ ಮೇಲಿನ ಖೋಲಿಯಲ್ಲಿ ಬಾಡಿಗೆಗಿದ್ದು ಕೆಳಗೆ ಊಟ ಮಾಡುವವರು. ಪಲ್ಯಕ್ಕೆ ಉಪ್ಪು ಹೆಚ್ಚಾಯಿತೆಂದು ಅವರು, ನಾಲಿಗೆ ಕೆಟ್ಟಿದೆಯೆಂದು ಈಕೆ, ಹೀಗೆ ದಿನಕ್ಕೊಮ್ಮೆ ಹತ್ತಿಕೊಳ್ಳದಿದ್ದರೆ ಇಬ್ಬರಿಗೂ ಅನ್ನ ಅರಗುವುದಿಲ್ಲ. ಗಾಡಿ ಹೊರಡುವಾಗ ಬಾಗಿಲು ಬಡಿದು "ರೈಟ್" ಎನ್ನುವ ಹಕ್ಕು ತಮ್ಮದೇ ಎಂದು ಮೊದಲ ದಿನವೇ ಸ್ಥಾಪಿಸಿದರು.

ನೃಪತುಂಗ ಬೆಟ್ಟಕ್ಕೆ ಹೋಗೋಣವೆಂದು ಹುಸೇನಬಾಷಾ ಅಂದಾಗ ಅಬೀದಾ ತಳ್ಳಿಹಾಕಿದಳು. ಅದು ಗುಡ್ಡವಲ್ಲ, ಮುದುಕರು ಮುಂಜಾನೆ ಗಾಳಿ ತಿನ್ನುವ ಜಾಗ. ಹಾಗಾಗಿ ಮೊದಲ ಭಾನುವಾರ ಸವದತ್ತಿಯ ಪರಸಗಡಕ್ಕೆ ಹೋದರು. ಮುರಿಗೆವ್ವ ಹೊಸ ಚಪ್ಪಲಿ ಮೆಟ್ಟಿದ್ದಳು. ಅರ್ಧ ದಾರಿಯಲ್ಲಿ ಒಂದರ ಉಂಗುಷ್ಟದ ಪಟ್ಟಿ ಕಿತ್ತಿತು, ತಂಗಿಯನ್ನು ಬಿಟ್ಟಿರಲಾರದ ಅಕ್ಕನಂತೆ ಇನ್ನೊಂದರದೂ ಕಿತ್ತಿತು. ಕಾದ ಬಂಡೆಯ ಮೇಲೆ ಬರಿಗಾಲಲ್ಲಿ ಆಕೆ ಕುಣಿದದ್ದನ್ನು ನೋಡಿ ಮೇಲಿನಿಂದ ಇಳಿಯುತ್ತಿದ್ದವರು ಮೈಮೇಲೆ ದೇವರು ಬಂದಿದೆಯೆಂದು ಕೈ ಮುಗಿದರು. ನಾಲ್ವರೂ ವಾಪಸು.

ಮುಂದಿನ ಭಾನುವಾರ ಬೆಳಗಾವಿ ಕಡೆಯ ಒಂದು ಗುಡ್ಡ. ಅಲ್ಲಿ ಮಂಗವೊಂದು ಬುತ್ತಿಯ ಗಂಟು ಎಳೆದುಕೊಂಡು ಓಡಿತು. ತಾನು ನಸುಕಿನಲ್ಲೆದ್ದು ತಟ್ಟಿದ ರೊಟ್ಟಿಯನ್ನು ಮಂಗ ತಿನ್ನುವುದನ್ನು ನೋಡುತ್ತ ಕೂರುವ ಹೆಂಗಸಲ್ಲ ಮುರಿಗೆವ್ವ. ಸೀರೆ ಎತ್ತಿ ಕಟ್ಟಿ ಬೆನ್ನು ಹತ್ತಿದಳು. ಅಂದು ಆಕೆ ಓಡಿದ ಓಟಕ್ಕೆ ಎರಡು ಗುಡ್ಡ ದಾಟಬಹುದಿತ್ತು. ಆದರೆ ಮಂಗ ಓಡಿದ್ದು ಕೆಳಮುಖವಾಗಿ.

ಆ ನಂತರದ ವಾರ ಖಾನಾವಳಿಯ ಮೆಣಸಿನಪುಡಿ ಕುಟ್ಟಿಸುವ ವಾರ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣವೇ ಹೊರತು ಖಾರವಿಲ್ಲವೆಂದು ಮುರಿಗೆವ್ವ ಗುಂಟೂರಿನದನ್ನೂ ಧಾರಾಳವಾಗಿ ಬೆರೆಸಿದ್ದಳು. ಪುಡಿ ಆರಲೆಂದು ಮಹಡಿಯ ಮೇಲೆ ಹರವಿದ ಹೊತ್ತಿಗೇ ಬಿರುಗಾಳಿ ಎದ್ದಿತು. ಪಕ್ಕದ ಹಗ್ಗದಲ್ಲಿ ಮಹಾಂತಯ್ಯನವರ ಒಗೆದ ಬಟ್ಟೆಗಳಿದ್ದವು. ಅವರು ಕೊಡವಿ, ಮಡಚಿ, ಭಾನುವಾರ ಅವನ್ನೇ ಉಟ್ಟು ಗಾಡಿ ಹತ್ತಿದರು. ಕಲಘಟಗಿ ದಾಟುವ ತನಕ ಎಲ್ಲ ಸರಿಯಿತ್ತು. ಬಿಸಿಲೇರಿ ಬೆವರು ಹರಿಯಿತು ನೋಡಿ, ಅಯ್ಯನವರ ಮಾತು ನಿಂತಿತು, ಮುಖ ಕೆಂಪೇರಿತು, ಕೂತಲ್ಲಿ ಕೂರಲಾಗದೆ ಚಡಪಡಿಸಿದರು. ಕೊನೆಗೆ ತಮ್ಮ ಇಡೀ ನೌಕರಿಯಲ್ಲಿ ಯಾವ ಪ್ರಯಾಣಿಕನಿಗೂ ಮಾಡದ ಉಪಕಾರವನ್ನು ತಮಗೆ ತಾವೇ ಮಾಡಿಕೊಂಡು, ನಿಲ್ದಾಣವಿಲ್ಲದ ಕಡೆ "ಹೋಲ್ಡಾನ್" ಎಂದು ಕೂಗಿ ಗಾಡಿ ನಿಲ್ಲಿಸಿದರು. ದಾರಿಬದಿಯ ಕೆರೆಯಲ್ಲಿ ಸೊಂಟದ ತನಕ ಇಳಿದು ಕುಳಿತವರು ಮಧ್ಯಾಹ್ನದ ತನಕ ಮೇಲೇಳಲಿಲ್ಲ.

ಹೀಗೇ ಬೇಸಿಗೆ ಕರಗಿತು. ಉಳಿದದ್ದು ಒಂದೇ ಭಾನುವಾರ. ಸೋಮವಾರ ಕಾಲೇಜು ಶುರು. ಮತ್ತೆ ಖಾನಾವಳಿಯ ಬಾಗಿಲು ಹಾಕಬೇಕೆಂದರೆ ಮುಂದಿನ ಬೇಸಿಗೆ ಬರಬೇಕು.

"ಮುಂದಿನ ವರ್ಷ ಹತ್ತಿದ್ರಾತು ಬಿಡ್ರಿ," ಎಂದ ಹುಸೇನಬಾಷಾ.

"ಮುಂದಿನ ವರ್ಷ ನಿನ್ನ ಗಾಡಿ ಇರತೈತೋ ಇಲ್ಲೋ. ಗಾಡಿ ಇದ್ರ ನನ್ನ ಮೊಣಕಾಲು ಇರತಾವೋ ಇಲ್ಲೋ. ನಾ ಈ ವಾರನ ಹತ್ತಾಕಿ," ಎಂದಳು ಮುರಿಗೆವ್ವ. ತಮಾಷೆಯ ದನಿಯಿರಲಿಲ್ಲ. ಅಬೀದಾ ಗಂಡನ ಕಡೆ ನೋಡಿದಳು, ಗಂಡ ಗಾಡಿಯ ಟೈರು ನೋಡಿದ.

ಕೊನೆಯ ಭಾನುವಾರಕ್ಕೆ ಕಪ್ಪತಗುಡ್ಡ. ನಸುಕಿನಲ್ಲೇ ಹೊರಟು, ಗದಗ ದಾಟಿ, ಗುಡ್ಡದ ಬುಡಕ್ಕೆ ಬಂದಾಗ ಬಿಸಿಲು ಇನ್ನೂ ಎಳೆಯದಿತ್ತು. ಜೀಪು ಹೋಗುವ ದಾರಿ ಒಂದು ಕಡೆಗಿತ್ತು. ಗಾಡಿಯಲ್ಲಿ ಹೋದರೆ ಗುಡ್ಡ ಹತ್ತಿದಂತಲ್ಲವೆಂದು ಅಬೀದಾ ಕಾಲುಹಾದಿಯ ಕಡೆ ನಿಲ್ಲಿಸಿದಳು. ಮುರಿಗೆವ್ವ ಹಳೆಯ ಚಪ್ಪಲಿ ಮೆಟ್ಟಿದ್ದಳು. ಹತ್ತಿರದಲ್ಲಿ ಮಂಗಗಳಿರಲಿಲ್ಲ. ಮಹಾಂತಯ್ಯನವರ ಬಟ್ಟೆಯನ್ನು ಅಬೀದಾ ತನ್ನ ಮನೆಯಲ್ಲೇ ಒಗೆದು ಒಣಗಿಸಿದ್ದಳು. ಕೆಡಲು ಏನೂ ಉಳಿದಿರಲಿಲ್ಲ.

ಆಗ ಮಹಾಂತಯ್ಯ, "ಹೊಟ್ಯಾಗ ಏನರ ಬೀಳದ ಬಿ.ಪಿ. ಗುಳಿಗಿ ತಗೊಳ್ಳಾಕ ಬರಂಗಿಲ್ಲರಿ. ಒಂದ ರೊಟ್ಟಿ ಕೊಡ್ರಿ," ಎಂದರು.

ಒಂದು ರೊಟ್ಟಿಗಾಗಿ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದರು. ಬುತ್ತಿಯೆಂದರೆ ಸುಮ್ಮನಲ್ಲ. ಕಟಕ ರೊಟ್ಟಿಯ ಒಟ್ಟಿಲು, ಎಣ್ಣೆಗಾಯಿ, ಝುಣಕ, ಶೇಂಗಾ ಚಟ್ನಿ, ಗಡಿಗೆ ಮೊಸರು, ಅಬೀದಾ ಮಾಡಿದ ಶಿರಾ. ಅಷ್ಟರಲ್ಲಿ ಟೆಂಪೊ ಗಾಡಿಯೊಂದು ಬಂದು ಎದುರಿಗೇ ನಿಂತಿತು. ಮೈಸೂರು ಕಡೆಯ ಕಾಲೇಜಿನ ಹುಡುಗ ಹುಡುಗಿಯರು ಪಿತಪಿತನೆ ಇಳಿದರು.

ಇಲ್ಲೊಂದು ಮಾತು. ನಮ್ಮ ಕಡೆ ಎದುರಿಗೆ ಯಾರಾದರೂ ಇದ್ದಾಗ ಅವರನ್ನು ಕರೆಯದೆ ತುತ್ತು ಎತ್ತುವವನು ಮನುಷ್ಯನೇ ಅಲ್ಲ. ಕರೆಯಲೇಬೇಕು. ಕರೆಸಿಕೊಂಡವರು ಮೂರು ದಿನದ ಉಪವಾಸವಿದ್ದರೂ "ನಮ್ದು ಈಗ ಆತ್ರಿ, ನೀವ ಮಾಡ್ರಿ" ಎನ್ನಲೇಬೇಕು. ಕರೆದವರ ಮಾನ ಉಳಿಯಿತು, ಬುತ್ತಿಯೂ ಉಳಿಯಿತು. ತಲೆಮಾರುಗಳಿಂದ ಹೀಗೆ ನಡೆದುಬಂದಿದೆ, ಯಾರಿಗೂ ನಷ್ಟವಾಗಿಲ್ಲ.

ಮುರಿಗೆವ್ವ ರೊಟ್ಟಿ ಮುರಿಯುತ್ತ, ತಲೆ ಕೂಡ ಎತ್ತದೆ, "ಬರ್ರೆಪಾ, ಊಟಾ ಮಾಡೂಣು ಬರ್ರಿ," ಎಂದಳು.

"ಅಯ್ಯೋ, ತುಂಬಾ ಥ್ಯಾಂಕ್ಸ್ ಆಂಟಿ. ಬೆಳಗ್ಗೆಯಿಂದ ಏನೂ ತಿಂದಿಲ್ಲ ನಾವು," ಎಂದು ಒಬ್ಬಳು ಚಕ್ಕಳಮಕ್ಕಳ ಹಾಕಿ ಕುಳಿತಳು. ಅವಳ ಹಿಂದೆ ಇಡೀ ಟೆಂಪೊ ಕುಳಿತಿತು.

ಮುರಿಗೆವ್ವನ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು. ಮಹಾಂತಯ್ಯ ಕೆಮ್ಮಿದರು. ಹುಸೇನಬಾಷಾ ತನ್ನ ಪಾಲಿನ ಎಣ್ಣೆಗಾಯಿಯನ್ನು ಗಬಕ್ಕನೆ ಬಾಯಿಗೆ ಹಾಕಿಕೊಂಡ. ಆದರೆ ಕರೆದ ಮೇಲೆ ಏನು ಮಾಡಲಿಕ್ಕಾಗುತ್ತದೆ? ಬಡಿಸಿದಳು. ಬಡಿಸಲು ಶುರು ಮಾಡಿದ ಮೇಲೆ ಖಾನಾವಳಿಯ ಕೈ ನಿಲ್ಲಲಿಲ್ಲ. ಖಾಲಿ ತಾಟು ಕಂಡರೆ ಅದು ತಾನಾಗಿ ಚಾಚುತ್ತದೆ. "ಮತ್ತೊಂದ ಹಾಕ್ಕೋಪಾ. ನಿನ್ನ ವಯಸ್ಸಿನ್ಯಾಗ ಇಷ್ಟ ತಿಂದ್ರ ಹೆಂಗ? ಯವ್ವಾ, ನೀ ಮೊಸರ ಹಾಕ್ಕೊಳ್ಳೇ ಇಲ್ಲಲ್ಲ." ಹುಡುಗರು ಉಂಡರು, ಹೊಗಳಿದರು, ಕಾಲು ಮುಟ್ಟಿದರು, ಫೋಟೊ ತೆಗೆಸಿಕೊಂಡರು, ನೀರಿನ ಬಾಟಲಿಗಳ ಚೀಲವೊಂದನ್ನು ಕೊಟ್ಟರು, ಹೋದರು. ಗಡಿಗೆಯ ತಳದಲ್ಲಿ ಮೊಸರಿನ ವಾಸನೆ ಮಾತ್ರ ಉಳಿದಿತ್ತು. ಬಿಸಿಲು ಬಲಿತಿತ್ತು.

"ಇವತ್ತೂ ಆತಲ್ರಿ," ಎಂದಳು ಅಬೀದಾ.

"ಊರಾಗ ಹೋಗಿ ಮಿರ್ಚಿ, ಚಾ ಹೊಡದು ಹೊಳ್ಳೂಣು," ಎಂದು ಹುಸೇನಬಾಷಾ ಗಾಡಿಯ ಕೀಲಿಗೆ ಕೈ ಹಾಕಿದ.

ಮುರಿಗೆವ್ವ ಗುಡ್ಡದ ಕಡೆ ನೋಡಿದಳು. ಯಾರ ಮೇಲೆ ಸಿಟ್ಟಾಗಬೇಕೆಂದು ಗೊತ್ತಾಗದಿದ್ದರೆ ಆಕೆಗೆ ಕಣ್ಣಲ್ಲಿ ನೀರು ಬರುತ್ತದೆ. ಹಾಗೆ ಬರುವುದರೊಳಗೆ ಸೆರಗು ಬಿಗಿದು, "ನೀವ ಚಾ ಕುಡೀರಿ. ನಾ ಹತ್ತಾಕಿ," ಎಂದು ಹೊರಟೇಬಿಟ್ಟಳು.

ಅರ್ಧ ಫರ್ಲಾಂಗು ಹೋಗಿರಲಿಲ್ಲ, ಉಸಿರು ಹತ್ತಿ ಕಲ್ಲಿನ ಮೇಲೆ ಕುಳಿತಳು. ಹಿಂದಿನಿಂದ ಮೂವರೂ ಬಂದರು. ಮಹಾಂತಯ್ಯನವರ ಹೊಟ್ಟೆ ಉರಿಯುತ್ತಿತ್ತು.

"ಅಲ್ರೀ ಮುರಿಗೆವ್ವಾರ, ಕರಿಯೂದೇನ ಕರದ್ರಿ. ಒಂದೊಂದು ರೊಟ್ಟಿ ಕೊಟ್ಟು ಕಳಸಬೇಕಿಲ್ಲೋ? ಮತ್ತೊಂದು ಹಾಕ್ಕೋ, ಮತ್ತೊಂದು ಹಾಕ್ಕೋ ಅಂತ ಹೇಳಿದವರ‍್ಯಾರು ನಿಮಗ?"

ಮುರಿಗೆವ್ವ ಎದ್ದು ನಿಂತಳು. "ಏನಂದ್ರಿ ಅಯ್ಯಾರ? ಉಣ್ಣಾಕ ಕುಂತವರ ಮುಂದ ಗಂಟ ಕಟ್ಟಬೇಕಿತ್ತೇನ ನಾ? ಬುತ್ತಿ ಬಿಚ್ಚಿಸಿದವರ‍್ಯಾರು ಮೊದಲ ಅದನ್ನ ಹೇಳ್ರಿ."

"ನಾ ಕೇಳಿದ್ದು ಒಂದ ರೊಟ್ಟಿ. ಇಡೀ ಖಾನಾವಳಿ ಹಾಸಂದಿದ್ದಿಲ್ಲ," ಎಂದು ಅವರು ಮುಂದೆ ನಡೆದರು. ಮಾತಿಗೆ ಉತ್ತರ ಕೊಡಬೇಕೆಂದರೆ ಬೆನ್ನಿಗೆ ಕೊಡಲಾಗುವುದಿಲ್ಲ. ಮುರಿಗೆವ್ವ ದಾಪುಗಾಲು ಹಾಕಿ ಪಕ್ಕಕ್ಕೆ ಬಂದಳು.

ಅಬೀದಾ ಜಾಣೆ. ಮಾತು ಹತ್ತಿದಾಗ ಅಕ್ಕ ಕುಳಿತುಕೊಳ್ಳುವುದನ್ನು ಮರೆಯುತ್ತಾಳೆಂದು ಮೊದಲ ತಿರುವಿನಲ್ಲೇ ಕಂಡುಕೊಂಡಳು. ರಾಜಿ ಮಾಡಿಸಲು ಬಾಯಿ ತೆರೆದ ಗಂಡನ ತೋಳು ಚಿವುಟಿದಳು. ಜಗಳ ತಣ್ಣಗಾಗುತ್ತ ಬಂದು ಮುರಿಗೆವ್ವನ ಕಣ್ಣು ನೆರಳಿನ ಕಲ್ಲೊಂದರ ಮೇಲೆ ಬಿದ್ದಾಗ ಮೆಲ್ಲನೆ, "ಅಯ್ಯಾರ, ಮೊನ್ನೆ ಸಾರಿನ ಬಗ್ಗೆ ಏನೋ ಅಂದ್ರಲ್ಲ ನೀವು, ಏನದು?" ಎಂದಳು.

ಅಲ್ಲಿಗೆ ಸಾರು ಬಂತು. ಸಾರಿನಿಂದ ಉಪ್ಪು, ಉಪ್ಪಿನಿಂದ ಮೆಣಸಿನಪುಡಿ, ಮೆಣಸಿನಪುಡಿಯಿಂದ ಕೆರೆ. ಹಾದಿ ಕಡಿದಾಯಿತು. ಇಬ್ಬರೂ ಏದುಸಿರಿನಲ್ಲಿ, ನಾಲ್ಕು ನಾಲ್ಕು ಪದಗಳ ಕಂತಿನಲ್ಲಿ ಜಗಳವಾಡಿದರು.

"ಅಮ್ಮಿನಬಾವಿ ಸ್ಟ್ಯಾಂಡಿನ್ಯಾಗ ನಾ ಒಂದ ಕಾಲ ಬಸ್ಸಿನ್ಯಾಗ ಇಟ್ಟಿದ್ದೆ. ತಲೀ ಮ್ಯಾಲ ಬುಟ್ಟಿ. ರೈಟ್ ಅಂದ್ರಿ."

"ನಾ ಆ ರೂಟಿಗೆ ಎಂದೂ ಇದ್ದಿಲ್ರಿ."

"ನಿಮ್ಮಂಥಾವರೊಬ್ಬರು ಇದ್ರು. ಆ ಮೀಸಿ, ಆ ಸೊಕ್ಕು."

"ನನಗ ಮೀಸಿ ಎಲ್ಲೆ ಅದಾವ್ರಿ?"

"ತಗಸೀರಿ. ಗುರುತ ಸಿಗಬಾರದಂತ."

ಹುಸೇನಬಾಷಾ ನಕ್ಕು ನಕ್ಕು ಹಿಂದುಳಿದ. ಬಾಟಲಿಗಳ ಚೀಲ ಅಬೀದಾಳ ಹೆಗಲಿಗೆ ಬಂತು. ಮುರಿಗೆವ್ವ ಬಾದೆಹುಲ್ಲು ಹಿಡಿದು, ಕಲ್ಲಿಗೆ ಕೈಯೂರಿ, ಮಹಾಂತಯ್ಯ ಕೊಟ್ಟ ಕೈಯನ್ನೂ ಬಯ್ಯುತ್ತಲೇ ಹಿಡಿದು ಮೇಲೆ ಬಂದಳು. "ಇನ್ನೊಂದ ಮಾತ ಕೇಳ್ರಿ ಅಯ್ಯಾರ," ಎಂದು ಬೆರಳೆತ್ತಿ, ಮುಂದಿನ ಹೆಜ್ಜೆಗೆ ಕಾಲೆತ್ತಿದಳು. ಕಾಲಿಗೆ ಏರು ಸಿಗಲಿಲ್ಲ.

ಗಾಳಿ ರಪ್ಪೆಂದು ಬಡಿದು ಸೆರಗನ್ನು ತಲೆಯ ಮೇಲೆ ಹಾರಿಸಿತು. ಆಚೆಯ ಸಾಲಿನಲ್ಲಿ ಗಾಳಿಯಂತ್ರಗಳು ತಿರುಗುತ್ತಿದ್ದವು. ಗುಡ್ಡದ ಮೇಲೆ ಗುಡ್ಡ ಬಿದ್ದಂತೆ ಸಾಲು ದೂರದ ತನಕ ಹೋಗಿತ್ತು. ಅದರಾಚೆ ಉತ್ತ ಹೊಲಗಳು, ಒಂದು ಕೆರೆ, ನೂಲಿನಂಥ ರಸ್ತೆ. ಮೇಲೆ ಆಕಾಶ ಬಿಟ್ಟರೆ ಏನೂ ಇರಲಿಲ್ಲ.

ಎತ್ತಿದ ಬೆರಳು ಎತ್ತಿದಂತೆಯೇ ಇತ್ತು. ಮಹಾಂತಯ್ಯ ಉತ್ತರ ಸಿದ್ಧ ಮಾಡಿಕೊಂಡು ಕಾದರು.

"ಹೇಳ್ರಿ. ಏನದು ಇನ್ನೊಂದ ಮಾತು?"

"ನೀವ ಅನ್ನೂದು ಖರೇ ಐತ್ರಿ ಅಯ್ಯಾರ," ಎಂದಳು ಮುರಿಗೆವ್ವ. "ಒಂದೊಂದು ರೊಟ್ಟಿ ಸಾಕಿತ್ತು."

ಮಹಾಂತಯ್ಯ ಬೆಚ್ಚಿದರು. "ಅಬೀದವ್ವಾ, ಲಗೂ ನೀರ ತಾರವಾ. ಇವರಿಗೆ ಬಿಸಲ ಬಡದೈತಿ."

ಅಬೀದಾ ತಂದ ನೀರನ್ನು ಮುರಿಗೆವ್ವ ಅರ್ಧ ಕುಡಿದು ಅರ್ಧ ತಲೆಗೆ ಸುರಿದುಕೊಂಡಳು. ಆಮೇಲೆ ಬಂದ ಹಾದಿಯನ್ನು ಬಗ್ಗಿ ನೋಡಿ, ಗಟ್ಟಿಯಾಗಿ ಅಬೀದಾಳ ಕೈ ಹಿಡಿದಳು.

"ಇದನ್ನ ನಾನ ಹತ್ತಿದೆನೇನ?"

"ಹೂಂರಿ."

"ಇಳಿಯೂದು ಹೆಂಗ್ವಾ?"

ಅದನ್ನು ಯಾರೂ ಯೋಚಿಸಿರಲಿಲ್ಲ. ಆಗಷ್ಟೇ ಮೇಲೆ ಬಂದ ಹುಸೇನಬಾಷಾ, "ಕುಂತ ಕುಂತ ಜಾರ‍್ಕೋಂತ ಇಳೀರಿ ಅಕ್ಕಾರ, ಬ್ರೇಕಿನ ಚಿಂತೀ ಇಲ್ಲ," ಎಂದು ತಾನೂ ಕುಸಿದು ಕುಳಿತ. ಮೊದಲು ಅಬೀದಾ ನಕ್ಕಳು, ಆಮೇಲೆ ಮಹಾಂತಯ್ಯ. ಮುರಿಗೆವ್ವ ನಗಬಾರದೆಂದು ತುಟಿ ಬಿಗಿದು, ತಡೆಯಲಾರದೆ, ಹೊಟ್ಟೆ ಹಿಡಿದುಕೊಂಡು ಬಂಡೆಯ ಮೇಲೆ ಉರುಳಿದಳು.

ನಗುವಿನ ನಡುವೆಯೇ ಆಕೆಯ ಫೋನು ಬಡಿದುಕೊಂಡಿತು. ಊರಿನಿಂದ ಮರಳುತ್ತಿದ್ದ ಒಬ್ಬ ಹುಡುಗ, ನಾಳೆ ಮುಂಜಾನೆ ನಾಷ್ಟಾ ಇರುತ್ತದೋ ಎಂದು ಕೇಳಿದ.

"ಇರತೈತಿ. ಆದರ ಈಗ ಜಾಸ್ತಿ ಮಾತಾಡಾಕ ಬರಂಗಿಲ್ಲ. ನಾ ಕಪ್ಪತಗುಡ್ಡದ ಮ್ಯಾಲ ಅದೇನಿ."

ಹುಡುಗನಿಗೆ ಗಾಳಿಯ ಸದ್ದಿನಲ್ಲಿ ಕೇಳಿಸಲಿಲ್ಲ.

"ಕಪ್ಪತಗುಡ್ಡದ ಮ್ಯಾಲ," ಎಂದಳು ಎದ್ದು ನಿಂತು. ಈಗ ಅವನಿಗೆ ಕೇಳಿಸಿತು, "ಹೌದೇನ್ರಿ ಆಂಟಿ" ಎಂದ. ಆದರೂ ಕೇಳಿಸಿರಲಿಕ್ಕಿಲ್ಲವೆಂದು ಮತ್ತೊಮ್ಮೆ ಹೇಳಿದಳು. ಅವನು ಫೋನಿಟ್ಟ ಮೇಲೂ ಹೇಳುತ್ತಲೇ ಇದ್ದಳು.